ಹೂಳೆತ್ತುವವರು ಯಾರು? ಶಿಯಾನ್‌ನಿಂದ ದುಜಿಯಾಂಗ್ಯಾನ್‌ವರೆಗೆ ಒಂದು ವಿದ್ಯಾರ್ಥಿ ಪ್ರವಾಸ

ಎಲ್ಲರಿಗೂ ನಮಸ್ಕಾರ.

ಚೀನಾದಲ್ಲಿ ಓದುವಾಗ ಅಲ್ಲಿನ ವಿಶ್ವವಿದ್ಯಾಲಯದವರು ವಿದೇಶಿ ವಿದ್ಯಾರ್ಥಿಗಳನ್ನು ಒಂದು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದರು. ಅದರ ಬಗ್ಗೆ ಮಾತಾಡಿ ಅಂತ ನಿಮ್ಮ ವಿಭಾಗದವರು ಕೇಳಿದರು. ಇಲ್ಲಿ ಕೂತವರಲ್ಲಿ ಸಿವಿಲ್ ಓದುವವರೇ ಜಾಸ್ತಿ ಅಂತ ಗೊತ್ತಾದ ಮೇಲೆ ಏನು ಹೇಳಬೇಕು ಅನ್ನುವುದು ಸುಲಭವಾಯಿತು. ಅಲ್ಲಿಗೆ ಹೋದೆವು, ಇಲ್ಲಿಗೆ ಹೋದೆವು, ಇದನ್ನು ತಿಂದೆವು ಅಂತೆಲ್ಲ ಹೇಳಲು ಹೋಗುವುದಿಲ್ಲ. ಒಂದೇ ಪ್ರಶ್ನೆ ಹಿಡಿದು ಮಾತಾಡುತ್ತೇನೆ. ದುಜಿಯಾಂಗ್ಯಾನ್‌ನ ನೀರಾವರಿ ಒಡ್ಡಿನಂಥ ಎರಡು ಸಾವಿರ ವರ್ಷ ಹಳೆಯ ಒಂದು ಕಟ್ಟೋಣ ಇವತ್ತೂ ನಿಂತಿದೆ, ಕೆಲಸ ಮಾಡುತ್ತಿದೆ ಅಂದರೆ ಅದನ್ನು ನೋಡಿಕೊಳ್ಳುತ್ತಿರುವವರು ಯಾರು? ಹೇಗೆ ನೋಡಿಕೊಳ್ಳುತ್ತಿದ್ದಾರೆ?

ನಮ್ಮ ಕೈಗೆ ಕೊಟ್ಟಿದ್ದ ವೇಳಾಪಟ್ಟಿಯಲ್ಲಿ ಎರಡು ಭಾಗ ಇತ್ತು. ಶಿಯಾನ್ ನಗರ, ಮಣ್ಣಿನ ಸೈನಿಕರು, ಹಳೆಯ ಗೋಪುರ, ಇವೆಲ್ಲ ಪರಂಪರೆ. ಬುಲೆಟ್ ರೈಲು, ಚೆಂಗ್ಡುವಿನ ತಂತ್ರಜ್ಞಾನ ಪಾರ್ಕು, ಇವು ಆಧುನಿಕ. ಗುಂಪಿನಲ್ಲಿ ಘಾನಾ, ಕಜಕಸ್ತಾನ, ಇಂಡೋನೇಷ್ಯಾ, ಪಾಕಿಸ್ತಾನ, ಬಾಂಗ್ಲಾದೇಶ, ಹೀಗೆ ಎಲ್ಲ ಕಡೆಯವರೂ ಇದ್ದರು. ಮೊದಮೊದಲು ಎಲ್ಲರೂ ಹಾಗೇ ನೋಡುತ್ತಿದ್ದೆವು. ಹಳೆಯದರ ಮುಂದೆ ಫೋಟೋ, ಹೊಸದರ ಮುಂದೆ ವಿಡಿಯೋ. ಆ ಎರಡು ಭಾಗ ಮಾಡಿದ್ದೇ ಸರಿಯಲ್ಲ ಅಂತ ನನಗೆ ಈಗ ಖಂಡಿತ ಅನ್ನಿಸುತ್ತದೆ. ಯಾಕೆ ಅಂತ ಒಂದೊಂದೇ ಜಾಗ ಹಿಡಿದು ಹೇಳುತ್ತೇನೆ.

ಮೊದಲು ಮಣ್ಣಿನ ಸೈನಿಕರು. 1974ರ ಮಾರ್ಚ್. ಶಿಯಾನ್ ಪಕ್ಕದ ಲಿಂಟಾಂಗ್‌ನಲ್ಲಿ ಮಳೆ ಇಲ್ಲದೆ ರೈತರು ಬಾವಿ ತೋಡುತ್ತಿದ್ದರು. ಮಣ್ಣಿನ ತಲೆ, ಕಂಚಿನ ಬಾಣದ ಮೊನೆಗಳು ಸಿಕ್ಕವು. ಕ್ರಿ.ಪೂ. 210ರಲ್ಲಿ ತೀರಿಕೊಂಡ ಚೀನಾದ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್ ತನ್ನ ಸಮಾಧಿಗೆ ಕಾವಲು ಅಂತ ಮಾಡಿಸಿದ್ದ ಸೈನ್ಯ ಅದು. ಅಂದಾಜು 8000 ಸೈನಿಕರು. ಇದೆಲ್ಲ ನೀವು ಓದಿರುತ್ತೀರಿ. ಆದರೆ ಅವರಿಗೆಲ್ಲ ಬಣ್ಣ ಬಳಿದಿದ್ದರು ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ. ಕೆಂಪು, ಹಸಿರು, ನೀಲಿ, ಒಂದು ವಿಶೇಷವಾದ ನೇರಳೆ ಬಣ್ಣ ಕೂಡ. ಮಣ್ಣಿನ ಮೈಗೆ ಮೊದಲು ಮರದ ಅರಗಿನ ಒಂದು ಲೇಪ, ಅದರ ಮೇಲೆ ಬಣ್ಣ. ಎರಡು ಸಾವಿರ ವರ್ಷ ಒದ್ದೆ ಮಣ್ಣಿನಲ್ಲಿದ್ದ ಆ ಲೇಪ, ಅಗೆದು ಗಾಳಿಗೆ ಬಿಟ್ಟ ಕೆಲವೇ ನಿಮಿಷಗಳಲ್ಲಿ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಅಂಚು ಸುರುಟಿಕೊಂಡು ಉದುರಿಬಿಡುತ್ತದೆ. ಶುರುವಿನಲ್ಲಿ ಅಗೆದವರ ಕಣ್ಣೆದುರೇ ಬಣ್ಣ ಹೋಯಿತು. ನಾವು ಇವತ್ತು ನೋಡುವ ಬೂದು ಸೈನಿಕರು ಹೀಗೆ ಬೂದಾದವರು.

ಆಮೇಲೆ ಏನು ಮಾಡಿದರು? ಜರ್ಮನಿಯ ಬವೇರಿಯಾದ ಸಂರಕ್ಷಣಾ ತಜ್ಞರ ಜೊತೆ ಸೇರಿ ವರ್ಷಗಟ್ಟಲೆ ಪ್ರಯೋಗ ಮಾಡಿದರು. ಲೇಪದೊಳಗಿನ ನೀರಿನ ಜಾಗಕ್ಕೆ ಪಾಲಿಎಥಿಲಿನ್ ಗ್ಲೈಕಾಲ್ ಅನ್ನುವ ರಾಸಾಯನಿಕ ಸೇರಿಸಿ, ಅದು ಒಣಗಿ ಕುಗ್ಗದ ಹಾಗೆ ಮಾಡುವ ವಿಧಾನ ಕಂಡುಹಿಡಿದರು. ಮತ್ತೆ, ಇದು ನನಗೆ ತುಂಬಾ ಇಷ್ಟವಾದ ವಿಷಯ, ಎಷ್ಟೋ ಭಾಗವನ್ನು ಅಗೆಯದೆ ಹಾಗೇ ಬಿಟ್ಟರು. ಚಕ್ರವರ್ತಿಯ ಸಮಾಧಿ ಇರುವ ದಿಬ್ಬವನ್ನಂತೂ ಇವತ್ತಿಗೂ ತೆರೆದಿಲ್ಲ. ಅಗೆಯಲು ಯಂತ್ರ ಇಲ್ಲ ಅಂತಲ್ಲ. ತೆರೆದ ಮೇಲೆ ಉಳಿಸಿಕೊಳ್ಳುವ ವಿದ್ಯೆ ಇನ್ನೂ ಪೂರ್ತಿ ಕೈಗೆ ಬಂದಿಲ್ಲ ಅಂತ. ಕೈಯಲ್ಲಿ ಶಕ್ತಿ ಇದ್ದೂ ತಡೆದು ಕೂರುವುದು ಎಂಜಿನಿಯರಿಂಗ್‌ನಲ್ಲಿ ದೊಡ್ಡ ಗುಣ.

ಸೈನಿಕರ ವಿಷಯ ಬಿಡುವ ಮುಂಚೆ ಇನ್ನೊಂದು ಮಾತು. ಅಲ್ಲಿ ಸಿಕ್ಕ ಕಂಚಿನ ಕತ್ತಿಗಳು ಇನ್ನೂ ಹರಿತವಾಗಿವೆ, ಮೇಲ್ಮೈಯಲ್ಲಿ ಕ್ರೋಮಿಯಂ ಇದೆ, ಆದ್ದರಿಂದ ಆ ಕಾಲದ ಚೀನಿಯರಿಗೆ ಕ್ರೋಮ್ ಲೇಪನ ಗೊತ್ತಿತ್ತು ಅಂತ ಬಹಳ ವರ್ಷ ಹೇಳುತ್ತಿದ್ದರು. ಬಸ್ಸಿನಲ್ಲಿ ನಮ್ಮ ಗುಂಪಿನವರೇ ಇದನ್ನು ಒಬ್ಬರಿಗೊಬ್ಬರು ಖುಷಿಯಿಂದ ಹೇಳಿಕೊಂಡಿದ್ದೆವು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೂರಾರು ಆಯುಧಗಳನ್ನು ಪರೀಕ್ಷೆ ಮಾಡಿ ಬೇರೆ ಉತ್ತರ ಕೊಟ್ಟಿತು. ಆ ಕ್ರೋಮಿಯಂ ಬಂದಿದ್ದು ಅರಗಿನ ಲೇಪದಿಂದ. ಕಂಚು ಕೆಡದೆ ಉಳಿದದ್ದಕ್ಕೆ ಮುಖ್ಯ ಕಾರಣ ಅಲ್ಲಿನ ಮಣ್ಣಿನ ಗುಣ, ಕಂಚಿನಲ್ಲಿದ್ದ ತವರದ ಪ್ರಮಾಣ. ಆ ಅಧ್ಯಯನ ಮಾಡಿದವರಲ್ಲಿ ಆ ಮ್ಯೂಸಿಯಂನವರೇ ಇದ್ದರು! ತಮ್ಮ ಮನೆಯ ಹೆಮ್ಮೆಯ ಕಥೆಯನ್ನು ತಾವೇ ಪರೀಕ್ಷೆಗೆ ಒಡ್ಡುವುದು ಸಣ್ಣ ಮಾತಲ್ಲ. ನಮ್ಮಲ್ಲೂ ಹಳೆಯದರ ಬಗ್ಗೆ ಇಂಥ ಕಥೆಗಳು ವಾಟ್ಸ್‌ಆಪ್‌ನಲ್ಲಿ ದಿನಾ ಓಡಾಡುತ್ತವೆ, ಅಲ್ವಾ? ನಿಜವಾಗಿ ಹೆಮ್ಮೆ ಪಡುವಂಥದ್ದು ಬೇಕಾದಷ್ಟಿರುವಾಗ ಸುಳ್ಳಿನ ಆಸರೆ ಯಾಕೆ ಬೇಕು?

ಶಿಯಾನ್‌ನಲ್ಲೇ ದೊಡ್ಡ ಕಾಡುಬಾತು ಗೋಪುರ ಅಂತ ಒಂದಿದೆ. ಹುಯೆನ್ ತ್ಸಾಂಗ್ ಹೆಸರು ಶಾಲೆಯಲ್ಲಿ ಕೇಳಿದ್ದೀರಲ್ಲ, ಭಾರತದಿಂದ ಆತ ಹೊತ್ತು ತಂದ ಬೌದ್ಧ ಗ್ರಂಥಗಳನ್ನು ಇಡುವುದಕ್ಕೆ ಅಂತ 652ರಲ್ಲಿ ಕಟ್ಟಿದ್ದು. ಇದೇ ಹುಯೆನ್ ತ್ಸಾಂಗ್ ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೂ ಬಂದಿದ್ದವನು. ಪ್ರಜೆಗಳಿಗೆ ರಾಜನ ಮೇಲೆ ಎಂಥ ನಿಷ್ಠೆ, ಉತ್ತರದ ಹರ್ಷನಿಗೂ ಇವನನ್ನು ಮಣಿಸಲು ಆಗಲಿಲ್ಲ, ಯುದ್ಧಕ್ಕೆ ಮುಂಚೆ ಆನೆಗಳಿಗೆ ಹೆಂಡ ಕುಡಿಸುತ್ತಾರೆ ಅಂತೆಲ್ಲ ಬರೆದಿಟ್ಟಿದ್ದಾನೆ. ಬಾದಾಮಿಯ ಅರಸನ ಸುದ್ದಿ ಹೊತ್ತವನ ಗೋಪುರದ ಕೆಳಗೆ ನಿಂತು, ಗುಂಪಿನವರಿಗೆಲ್ಲ ಪುಲಕೇಶಿ ಯಾರು ಅಂತ ನಾನು ಹೇಳಿದೆ. ಮೈ ಜುಮ್ಮೆಂದಿತ್ತು.

ಸಿವಿಲ್‌ನವರಿಗೆ ಅಲ್ಲಿ ಬೇರೆಯದೇ ಪಾಠ ಇದೆ. ಸುಮಾರು 64 ಮೀಟರ್ ಎತ್ತರದ ಆ ಇಟ್ಟಿಗೆ ಗೋಪುರ ವಾಲಿದೆ. ನಗರದವರು ಅಂತರ್ಜಲವನ್ನು ಬೇಕಾಬಿಟ್ಟಿ ಎತ್ತಿದ್ದರಿಂದ ನೆಲ ಕುಸಿದು ವಾಲುವುದು ಜಾಸ್ತಿಯಾಯಿತು. 1996ರ ಹೊತ್ತಿಗೆ ಒಂದು ಮೀಟರಿಗಿಂತ ತುಸು ಹೆಚ್ಚೇ ವಾಲಿತ್ತು. ಸುತ್ತಮುತ್ತ ಬೋರ್‌ವೆಲ್ ಮುಚ್ಚಿಸಿ, ನಗರಕ್ಕೆ ಬೇರೆ ಕಡೆಯ ನೀರು ಕೊಟ್ಟ ಮೇಲೆ ಗೋಪುರ ವರ್ಷಕ್ಕಿಷ್ಟು ಅಂತ ತೀರಾ ನಿಧಾನವಾಗಿ ಹಿಂದಕ್ಕೆ ಸರಿಯಲು ಶುರುವಾಯಿತು. ಗೋಪುರವನ್ನು ಉಳಿಸಿದ್ದು ಗೋಪುರಕ್ಕೆ ಮಾಡಿದ ಕೆಲಸ ಅಲ್ಲ. ಊರಿನ ನೀರಿನ ಲೆಕ್ಕ ಸರಿಮಾಡಿದ ಕೆಲಸ. ಬೋರ್‌ವೆಲ್ ಬಗ್ಗೆ ಕರ್ನಾಟಕದಲ್ಲಿ ಕೂತು ನಿಮಗೆ ನಾನು ಹೆಚ್ಚು ಹೇಳಬೇಕಿಲ್ಲ.

ಶಿಯಾನ್‌ನಿಂದ ಚೆಂಗ್ಡುವಿಗೆ ಬುಲೆಟ್ ರೈಲು. 2017ರ ಡಿಸೆಂಬರಿನಲ್ಲಿ ಶುರುವಾದ ಮಾರ್ಗ, ಗಂಟೆಗೆ 250 ಕಿ.ಮೀ. ವೇಗ. ಮಧ್ಯೆ ಚಿನ್‌ಲಿಂಗ್ ಬೆಟ್ಟಸಾಲು, ಸುರಂಗದ ಮೇಲೆ ಸುರಂಗ. ಮೊದಲು ಇಡೀ ರಾತ್ರಿ ಹಿಡಿಯುತ್ತಿದ್ದ ದಾರಿ ಈಗ ನಾಲ್ಕು ಗಂಟೆಯೊಳಗೆ ಮುಗಿಯುತ್ತದೆ. ಚೀನಿಯರು ಗುರುತಿನ ಚೀಟಿ ಮುಟ್ಟಿಸಿ ಒಳಗೆ ಹೋದರೆ, ನಾವು ಪಾಸ್‌ಪೋರ್ಟ್ ಹಿಡಿದು ಸಿಬ್ಬಂದಿ ಇರುವ ಗೇಟಿನಲ್ಲಿ ಸಾಲು ನಿಂತೆವು. ದಾರಿಯಲ್ಲಿ ಯಾಂಗ್‌ಶಿಯಾನ್ ಅಂತ ಒಂದು ಸೀಮೆ ಬರುತ್ತದೆ. ಕೆಂಪು ಮುಖದ ಬಿಳಿ ಕೆಂಬರಲು ಜಾತಿಯ ಒಂದು ಹಕ್ಕಿ ಚೀನಾದಲ್ಲಿ ಅಳಿದೇಹೋಯಿತು ಅಂದುಕೊಂಡಿದ್ದಾಗ, 1981ರಲ್ಲಿ ಅಲ್ಲಿ ಏಳೇ ಏಳು ಸಿಕ್ಕವು. ಈಗ ಸಾವಿರಗಟ್ಟಲೆ ಇವೆ. ಅವು ರೈಲಿಗೆ ಬಡಿಯದ ಹಾಗೆ ಅಲ್ಲಿ ಹಳಿಯ ಪಕ್ಕ ಬಲೆ ಕಟ್ಟಿದ್ದಾರೆ. ರೈಲಿನ ವೇಗ ನಾನು ಆಗಲೇ ಮರೆತಿದ್ದೆ, ಆ ಬಲೆ ಮಾತ್ರ ನೆನಪಿದೆ.

ಚೆಂಗ್ಡುವಿನ ರೋಬೋಟ್‌ಗಳ ಬಗ್ಗೆ, ಮುಖ ಗುರುತಿಸುವ ಕ್ಯಾಮೆರಾಗಳ ಬಗ್ಗೆ ಹೇಳುವುದಿಲ್ಲ. ಅವೆಲ್ಲ ನಿಮ್ಮ ಫೋನಿನಲ್ಲೇ ಸಿಗುತ್ತವೆ. ನೇರವಾಗಿ ದುಜಿಯಾಂಗ್ಯಾನ್‌ಗೆ ಬರೋಣ.

ಚೆಂಗ್ಡುವಿನಿಂದ ವಾಯವ್ಯಕ್ಕೆ ಸುಮಾರು 60 ಕಿ.ಮೀ. ಮಿನ್ ನದಿ ಬೆಟ್ಟಗಳಿಂದ ಇಳಿದು ಬಯಲಿಗೆ ಬರುವ ಜಾಗ. ಹಿಮ ಕರಗಿದಾಗ, ಮಳೆಗಾಲದಲ್ಲಿ ನದಿ ಉಕ್ಕಿ ಬಯಲನ್ನು ಮುಳುಗಿಸುತ್ತಿತ್ತು, ಉಳಿದ ಕಾಲದಲ್ಲಿ ಬೆಳೆ ಒಣಗುತ್ತಿತ್ತು. ಕ್ರಿ.ಪೂ. 256ರ ಸುಮಾರಿಗೆ ಆ ಸೀಮೆಯ ಅಧಿಕಾರಿಯಾಗಿದ್ದ ಲಿ ಬಿಂಗ್ ಇಲ್ಲಿ ಕೆಲಸ ಶುರು ಮಾಡಿದ. ಅವನು ಅಣೆಕಟ್ಟು ಕಟ್ಟಲಿಲ್ಲ. ನದಿಯನ್ನು ತಡೆಯಲೇ ಇಲ್ಲ, ಎರಡು ಪಾಲು ಮಾಡಿದ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನದಿಯ ಮಧ್ಯೆ ಉದ್ದಕ್ಕೆ ಒಂದು ದಿಣ್ಣೆ. ಅದರ ಚೂಪು ತುದಿಗೆ ಮೀನಿನ ಬಾಯಿ ಅಂತ ಹೆಸರು. ಅಲ್ಲಿ ನದಿ ಒಳಹೊಳೆ, ಹೊರಹೊಳೆ ಅಂತ ಕವಲಾಗುತ್ತದೆ. ಒಳಹೊಳೆ ಕಿರಿದು, ಆಳ. ಹೊರಹೊಳೆ ಅಗಲ, ಆಳ ಕಡಿಮೆ. ನೀರು ಕಡಿಮೆ ಇರುವಾಗ ಆಳದ ಕಡೆಗೇ ಜಾಸ್ತಿ ಹೋಗುತ್ತದೆ, ಅಂದರೆ ನೂರಕ್ಕೆ 60 ಪಾಲು ಗದ್ದೆಗಳ ಕಡೆಗೆ. ಪ್ರವಾಹ ಬಂದಾಗ ಅಗಲವಾದ ಹೊರಹೊಳೆಗೆ 60 ಪಾಲು ಹರಿದು ಹೋಗುತ್ತದೆ. ಲೆಕ್ಕ ತಾನೇ ತಿರುಗಿಕೊಳ್ಳುತ್ತದೆ, ಗೇಟು ತಿರುಗಿಸುವವರೇ ಬೇಡ! ಇನ್ನು ಹೂಳು. ನದಿ ಅಲ್ಲಿ ತಿರುವು ತೆಗೆದುಕೊಳ್ಳುತ್ತದೆ. ತಿರುವಿನಲ್ಲಿ ಮೇಲಿನ ತಿಳಿನೀರು ಹೊರ ಅಂಚಿಗೆ ಒತ್ತರಿಸುತ್ತದೆ, ತಳದ ಮರಳು ಕಲ್ಲು ಒಳ ಅಂಚಿಗೆ ಸರಿಯುತ್ತವೆ ಅಂತ ನೀವು ಹೈಡ್ರಾಲಿಕ್ಸ್‌ನಲ್ಲಿ ಓದಿದ್ದೀರಿ. ಮೀನಿನ ಬಾಯಿ ಕೂತಿರುವ ಜಾಗ ಎಂಥದ್ದು ಅಂದರೆ ತಿಳಿನೀರು ಗದ್ದೆಯ ಕಡೆಗೆ, ಹೂಳಿನ ದೊಡ್ಡ ಪಾಲು ಹೊರಹೊಳೆಗೆ. ಅದನ್ನೂ ದಾಟಿ ಬಂದ ಮರಳು ಮುಂದೆ ಒಂದು ತಗ್ಗು ಒಡ್ಡಿನ ಹತ್ತಿರ ಸುಳಿಗೆ ಸಿಕ್ಕಿ ಹೆಚ್ಚಿನ ನೀರಿನ ಜೊತೆ ಹೊರಹೊಳೆಗೆ ಹಾರಿ ಬೀಳುತ್ತದೆ. ಕೊನೆಗೆ ಬೆಟ್ಟ ಕಡಿದು ಮಾಡಿದ ಸುಮಾರು 20 ಮೀಟರ್ ಅಗಲದ ಕಿರುಬಾಗಿಲು. ಎಷ್ಟೇ ಪ್ರವಾಹ ಬಂದರೂ ಒಂದು ಮಿತಿಗಿಂತ ಹೆಚ್ಚು ನೀರು ಅದರೊಳಗೆ ಹಿಡಿಸುವುದಿಲ್ಲ. ಸಿಡಿಮದ್ದು ಇಲ್ಲದ ಕಾಲ. ಬಂಡೆಯನ್ನು ಬೆಂಕಿ ಹಾಕಿ ಕಾಯಿಸಿ, ತಣ್ಣೀರು ಸುರಿದು ಬಿರುಕು ಬಿಡಿಸಿ ಕಡಿದರು ಅಂತ ಹೇಳುತ್ತಾರೆ.

ಕಟ್ಟಿದ್ದು ಯಾವುದರಿಂದ? ಬಿದಿರು ಹೆಣೆದ ಉದ್ದುದ್ದ ಬುಟ್ಟಿಗಳು, ಅದರೊಳಗೆ ಹೊಳೆಗುಂಡು. ಅಲ್ಲಿ ಒಂದು ಮಾದರಿ ಇಟ್ಟಿದ್ದಾರೆ, ಕೈಯಿಂದ ಮುಟ್ಟಿ ನೋಡಿದೆ. ಬೆರಳು ಹೋಗುವಷ್ಟು ಸಂದಿ, ಅದರಲ್ಲಿ ನೀರು ನುಸುಳುತ್ತದೆ, ಒತ್ತಡ ಕಟ್ಟಿಕೊಳ್ಳುವುದಿಲ್ಲ. ಆದರೆ ಬಿದಿರು ಎಷ್ಟು ವರ್ಷ ಬಾಳೀತು? ಕೊಳೆಯುತ್ತದೆ. ಪ್ರತಿ ಚಳಿಗಾಲ ಮರದ ಮುಕ್ಕಾಲಿಗಳನ್ನು ಸಾಲಾಗಿ ನಿಲ್ಲಿಸಿ, ಚಾಪೆ ಮಣ್ಣು ಒತ್ತಿ, ಒಂದು ಕವಲಿನ ನೀರು ನಿಲ್ಲಿಸಿ, ಜನ ಇಳಿದು ಹೂಳೆತ್ತಿ ಬುಟ್ಟಿ ಬದಲಾಯಿಸುತ್ತಿದ್ದರು. ಎಷ್ಟು ಆಳಕ್ಕೆ ತೋಡಬೇಕು ಅನ್ನುವುದಕ್ಕೆ ತಳದಲ್ಲಿ ಕಬ್ಬಿಣದ ದಿಮ್ಮಿ ಹೂತಿಟ್ಟಿದ್ದಾರೆ. ಅದು ಕಾಣಿಸಿದರೆ ನಿಲ್ಲಿಸಿ, ಕಾಣಿಸದಿದ್ದರೆ ಇನ್ನೂ ತೋಡಿ. ತಳವನ್ನು ಆಳಕ್ಕೆ ತೋಡು, ಒಡ್ಡನ್ನು ತಗ್ಗಾಗಿ ಕಟ್ಟು ಅಂತ ಅಲ್ಲಿನ ಗುಡಿಯ ಗೋಡೆಯ ಮೇಲೇ ಕೆತ್ತಿದ್ದಾರೆ. ಏಪ್ರಿಲ್ ಶುರುವಿನಲ್ಲಿ ಚಿಂಗ್‌ಮಿಂಗ್ ಹಬ್ಬದ ಹೊತ್ತಿಗೆ ಮುಕ್ಕಾಲಿಗಳನ್ನು ಕಡಿದು ನೀರು ಬಿಡುತ್ತಿದ್ದರು. ಈಗಲೂ ಅದನ್ನು ಹಬ್ಬವಾಗಿ ಮಾಡುತ್ತಾರೆ.

ಅಂದರೆ ನೋಡಿ, ಇಪ್ಪತ್ತೆರಡು ಶತಮಾನ ಹಳೆಯದು ಅಂತ ನಾವು ಕೈಮುಗಿಯುವ ಈ ಒಡ್ಡಿನಲ್ಲಿ ಲಿ ಬಿಂಗ್ ಇಟ್ಟ ಒಂದು ಬುಟ್ಟಿಯೂ ಉಳಿದಿಲ್ಲ. ಉಳಿದಿದ್ದು ಲೆಕ್ಕಾಚಾರ, ಮತ್ತೆ ವರ್ಷ ವರ್ಷ ಹೂಳೆತ್ತುವ ಪದ್ಧತಿ. ಯುನೆಸ್ಕೋ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸುಮಾರು 6.7 ಲಕ್ಷ ಹೆಕ್ಟೇರ್ ಭೂಮಿಗೆ ನೀರು ಹೋಗುತ್ತದೆ.

ಈಗ ಅದು ಪೂರ್ತಿ ಹಳೆಯ ಹಾಗೇ ಇದೆಯೇ? ಇಲ್ಲ. ಮೀನಿನ ಬಾಯಿ ಕಾಂಕ್ರೀಟಿನದು. ಹೊರಹೊಳೆಗೆ 1970ರ ದಶಕದಲ್ಲಿ ಗೇಟುಗಳು ಬಂದವು. ಮೇಲ್ಗಡೆ ಕೆಲವೇ ಕಿ.ಮೀ. ದೂರದಲ್ಲಿ 156 ಮೀಟರ್ ಎತ್ತರದ ಜಿಪಿಂಗ್‌ಪು ಅಣೆಕಟ್ಟು ಬಂದಿದೆ. ನದಿ ಇಲ್ಲಿ ತಲುಪುವ ಮುಂಚೆಯೇ ಅದರ ಹರಿವು ತೀರ್ಮಾನವಾಗಿರುತ್ತದೆ. ಇನ್ನು ಮೀನಿನ ಬಾಯಿಗೆ ಏನು ಕೆಲಸ ಅಂತ ಘಾನಾದ ಗೆಳೆಯ ಕೇಳಿದ. ಒಳ್ಳೆಯ ಪ್ರಶ್ನೆ, ಅವತ್ತು ರಾತ್ರಿ ಊಟದ ಮೇಜಿನಲ್ಲೂ ಅದೇ ಜಗಳ. 2008ರ ಮೇ 12ರ ಭೂಕಂಪದಲ್ಲಿ ದುಜಿಯಾಂಗ್ಯಾನ್ ಊರಿನ ಕಟ್ಟಡಗಳು, ಶಾಲೆಗಳು ಕೂಡ ಕುಸಿದು ಮಕ್ಕಳು ಸತ್ತರು. ಹೊಸ ಅಣೆಕಟ್ಟಿಗೆ ಪೆಟ್ಟಾಯಿತು, ಆದರೆ ನಿಂತಿತು. ಮೀನಿನ ಬಾಯಿಯಲ್ಲಿ ಬಿರುಕು ಬಂತು, ಮುಚ್ಚಿದರು. ಹಳೆಯದು ಗಟ್ಟಿ, ಹೊಸದು ಪೊಳ್ಳು ಅಂತ ಇದರಿಂದ ಹೇಳಲು ಬರುವುದಿಲ್ಲ. ಎರಡನ್ನೂ ಮರುದಿನವೇ ಹೋಗಿ ನೋಡುವ ಜನ ಬೇಕು.

ಈಗ ನಮ್ಮ ಕಡೆಗೆ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಸುತ್ತಿತ್ತು, ಈಗ ಹೂಳು ತುಂಬಿ 105ರ ಆಸುಪಾಸು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಗಿದ್ದು ನಿಮಗೆಲ್ಲ ನೆನಪಿದೆ. ಅಣೆಕಟ್ಟು ಬೇರೆ, ಮಿನ್ ನದಿಯ ಒಡ್ಡು ಬೇರೆ, ಒಂದರ ಪಕ್ಕ ಒಂದಿಟ್ಟು ತೀರ್ಪು ಕೊಡುತ್ತಿಲ್ಲ. ಆದರೆ ಅದೇ ತುಂಗಭದ್ರೆಯ ದಂಡೆಯಲ್ಲಿ, ಹಂಪಿ ಸುತ್ತ ವಿಜಯನಗರದವರು ತೋಡಿದ ಕಾಲುವೆಗಳು ಇವತ್ತೂ ಬಾಳೆಗೆ, ಭತ್ತಕ್ಕೆ ನೀರು ಕೊಡುತ್ತಿವೆ. ಹಂಪಿಗೆ ಹೋದವರು ಕಲ್ಲಿನ ರಥ ನೋಡಿ ಬರುತ್ತೀರಿ. ಕಾಲುವೆ ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರಿ, ಕೈ ಎತ್ತಿ?

ಮುಂದಿನ ಸೆಮಿಸ್ಟರಿನಲ್ಲಿ ನಿಮ್ಮದೂ ಹಂಪಿ ಪ್ರವಾಸ ಇದೆ ಅಂತ ಮೇಷ್ಟ್ರು ಹೇಳಿದರು. ವಿಜಯನಗರದ ಆ ಕಾಲುವೆಗಳಲ್ಲಿ ತುರ್ತು ಕಾಲುವೆ ಅಂತಲೇ ಹೆಸರಿನದು ಒಂದಿದೆ, ಹೋದಾಗ ಅರ್ಧ ದಿನ ಅದಕ್ಕೆ ಎತ್ತಿಡಿ. ಅಲ್ಲಿ ನೀರುಗಂಟಿ, ಅಂದರೆ ಗದ್ದೆಗಳಿಗೆ ನೀರು ಹಂಚುವವನು, ಯಾರು ಅಂತ ವಿಚಾರಿಸಿ, ರೈತರನ್ನು ಮಾತಾಡಿಸಿ. ಹೂಳು ಯಾವ ತಿಂಗಳಲ್ಲಿ ತೆಗೆಯುತ್ತಾರೆ, ಯಾರ ಖರ್ಚು, ಎಷ್ಟು ಆಳಕ್ಕೆ ಅಂತ ಹೇಗೆ ಗೊತ್ತು ಮಾಡಿಕೊಳ್ಳುತ್ತಾರೆ, ಇದನ್ನೆಲ್ಲ ಕೇಳಿ ಬರೆದುಕೊಂಡು ಬನ್ನಿ. ನನಗೂ ಒಂದು ಪ್ರತಿ ಕಳಿಸಿ, ದುಜಿಯಾಂಗ್ಯಾನ್‌ನ ನನ್ನ ಟಿಪ್ಪಣಿ ನಿಮಗೆ ಕೊಡುತ್ತೇನೆ.

ಈಗ ನಿಮ್ಮ ಪ್ರಶ್ನೆಗಳು. ಹಿಂದಿನ ಸಾಲಿನವರು ಮೊದಲು ಕೇಳಿ.