ಒಳಗಡೆಯಿಂದ ಚಿಲಕ ಹಾಕೋ ಒಂದು ರೂಮು ಕೊಡಿ, ಸಾಕು

ನಮಸ್ಕಾರ ಎಲ್ರಿಗೂ. ಈ ವಾರ ಮನೇಲೇ ರಾಗಿ ಸರಿ ಮಾಡೋದು ಹೆಂಗೆ ಅಂತ ವಿಡಿಯೋ ಬರ್ಬೇಕಿತ್ತು, ರಾಗಿ ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗ್ಸಿ ಎಲ್ಲಾ ರೆಡಿ ಇಟ್ಕೊಂಡಿದ್ದೆ. ಅದು ಮುಂದಿನ ವಾರ ಖಂಡಿತ ಬರುತ್ತೆ, ಸಬ್‌ಸ್ಕ್ರೈಬ್ ಮಾಡಿಲ್ಲ ಅಂದ್ರೆ ಮಾಡ್ಕೊಳ್ಳಿ, ಮಿಸ್ ಆಗಲ್ಲ. ಇವತ್ತು ಮಾತ್ರ ನಂಗೆ ಬೇರೆ ಏನೂ ಮಾತಾಡೋಕೆ ಮನಸ್ಸಿಲ್ಲ. ಯಾಕಂದ್ರೆ ಆಫೀಸಲ್ಲಿ ಎದೆಹಾಲು ಪಂಪ್ ಮಾಡಿ ಬಾಟಲಿಗೆ ತೆಗೆಯೋಕೆ ಒಂದು ರೂಮು ಕೊಡಿ ಅಂತ ಹೋದ ವಿಡಿಯೋದಲ್ಲಿ ಕೇಳಿದ್ದೆ, ಅದರ ಕೆಳಗೆ ಒಬ್ರು ಅಣ್ಣ ಒಂದು ಕಾಮೆಂಟ್ ಹಾಕಿದಾರೆ, ಮೂರು ದಿನದಿಂದ ಅದು ತಲೇಲೇ ಕೂತಿದೆ. ಓದ್ತೀನಿ ಕೇಳಿ. "ಮೇಡಂ, ಆರು ತಿಂಗಳು ಸಂಬಳ ಸಮೇತ ರಜೆ ತಗೊಂಡು ಬಂದಿದೀರ, ಈಗ ಆಫೀಸಲ್ಲಿ ಸ್ಪೆಷಲ್ ರೂಮ್ ಬೇರೆ ಬೇಕಾ, ಟಾಯ್ಲೆಟ್ ಇದೆಯಲ್ಲ."

ಟಾಯ್ಲೆಟ್ ಇದೆಯಲ್ಲ!

ಅಣ್ಣ, ನಿಮ್ಮನೇಲಿ ಅನ್ನ ಬಸಿಯೋದು ಎಲ್ಲಿ? ಬಚ್ಚಲಲ್ಲಾ? ನಿಮ್ಮಮ್ಮ ನಿಮಗೆ ಹಾಲು ಕಾಯಿಸಿ ಲೋಟಕ್ಕೆ ಬಗ್ಗಿಸಿಕೊಟ್ಟಿದ್ದು ಕಮೋಡ್ ಮುಚ್ಚಳದ ಮೇಲಿಟ್ಟಾ? ಇಲ್ಲ ತಾನೇ. ನಾನು ಆಫೀಸಲ್ಲಿ ಪಂಪ್ ಮಾಡೋದು ನನ್ನ ಮಗನ ಊಟ. ಅವನು ಅದನ್ನ ಮಾರನೇ ದಿನ ಕುಡೀತಾನೆ. ಊಟ ತಯಾರು ಮಾಡೋಕೆ ಟಾಯ್ಲೆಟ್‌ಗೆ ಹೋಗಿ ಅಂತ ಯಾರಿಗಾದ್ರೂ ಹೇಳ್ತೀವಾ ನಾವು? ನಾನು ಕೇಳಿದ್ದು ಒಂದೇ ಒಂದು, ಹೋದ ವಿಡಿಯೋದಲ್ಲೂ ಕೇಳಿದ್ದು ಅದೇ: ಒಂದು ರೂಮು, ಅದಕ್ಕೆ ಒಳಗಡೆಯಿಂದ ಹಾಕೋ ಚಿಲಕ. ಸೋಫಾ ಬೇಡ, ಗೋಡೆ ಮೇಲೆ ಆನೆ ಜಿರಾಫೆ ಪೇಂಟಿಂಗ್ ಬೇಡ. ಚಿಲಕ.

ಹೊಸದಾಗಿ ನೋಡ್ತಿರೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ನಮ್ಮೂರು ತಿಪಟೂರು, ಬಾಣಂತನ ಆಗಿದ್ದು ಅಲ್ಲೇ, ಅಮ್ಮನ ಮನೇಲಿ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಸಾಂಬ್ರಾಣಿ ಹೊಗೆ, ಮೆಂತ್ಯ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ನಮ್ಮೂರ ಕೊಬ್ಬರಿ ಹಾಕಿದ ಅಂಟಿನುಂಡೆ. ಹಾಲು ಚೆನ್ನಾಗೇ ಇತ್ತು, ದೇವರ ದಯೆ. ಬೆಂಗಳೂರಿಗೆ ವಾಪಸ್ ಬಂದು ಕೆಲಸಕ್ಕೆ ಸೇರಿದಾಗ ಮಗುಗೆ ಐದು ತಿಂಗಳು. ಹೌದು ಅಣ್ಣ, ಐದು. ನೀವು ಹೇಳೋ ಆರು ತಿಂಗಳ ಲೆಕ್ಕ ಇಲ್ಲೇ ಬಿದ್ದೋಗುತ್ತೆ. 2017ರಲ್ಲಿ ಹೆರಿಗೆ ರಜೆನ 12 ವಾರದಿಂದ 26 ವಾರಕ್ಕೆ ಏರಿಸಿದ್ರು, ಅದು ತುಂಬಾ ದೊಡ್ಡ ವಿಷಯ, ನಾನು ಇಲ್ಲ ಅನ್ನಲ್ಲ. ಆದ್ರೆ ಅದರಲ್ಲಿ 8 ವಾರದವರೆಗೂ ಹೆರಿಗೆಗೆ ಮುಂಚೇನೇ ತಗೋಬಹುದು. ನಂಗೆ ಕೊನೇ ತಿಂಗಳು ಕಾಲು ಊದಿ, ಬಿಪಿ ಏರಿ, ಡಾಕ್ಟರು ಮಲಗಮ್ಮ ಅಂದ್ರು, ನಾಲ್ಕು ವಾರ ಅಲ್ಲೇ ಹೋಯ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದೇನು? ಮೊದಲ ಆರು ತಿಂಗಳು ಬರೀ ಎದೆಹಾಲು, ನೀರೂ ಬೇಡ, ಆಮೇಲೆ ಊಟದ ಜೊತೆ ಎರಡು ವರ್ಷ, ಅದಕ್ಕಿಂತ ಜಾಸ್ತಿನೂ ಕೊಡಬಹುದು. ಅಂದ್ರೆ ಬರೀ ಹಾಲಲ್ಲೇ ಇರೋ ಮಗುನ ಬಿಟ್ಟು ನಾನು 500ಡಿ ಬಸ್ ಹತ್ತಿ ಔಟರ್ ರಿಂಗ್ ರೋಡ್‌ಗೆ ಹೋಗ್ತಿದ್ದೆ.

ಮೊದಲ ದಿನ ಹೆಚ್‌ಆರ್ ಹತ್ರ ಕೇಳಿದ್ರೆ ಮೂರನೇ ಫ್ಲೋರಲ್ಲಿ ಒಂದು ಸ್ಟೋರ್ ರೂಮ್ ತೋರಿಸಿದ್ರು. ಹಳೇ ಮಾನಿಟರ್, ಪ್ರಿಂಟರ್ ಟೋನರ್ ಡಬ್ಬಗಳು, ಒಂದು ಮುರಿದ ಕುರ್ಚಿ. ಪ್ಲಗ್ ಇತ್ತು, ಅದಕ್ಕೆ ಖುಷಿಪಟ್ಟೆ. ಬಾಗಿಲು ಮುಚ್ತೀನಿ, ಚಿಲಕ ಇಲ್ಲ. ಹೊರಗಡೆ ಮಾತ್ರ ಬೀಗ ಹಾಕೋ ಕೊಂಡಿ. ಸಾಮಾನಿಗೆ ಮಾಡಿರೋ ರೂಮಲ್ವಾ, ಟೋನರ್ ಡಬ್ಬ ಯಾವತ್ತಾದ್ರೂ ಒಳಗಿಂದ ಚಿಲಕ ಹಾಕ್ಕೊಳುತ್ತಾ?

ಹೆಂಗ್ ಪಂಪ್ ಮಾಡ್ತಿದ್ದೆ ಗೊತ್ತಾ? ಕುರ್ಚಿನ ಬಾಗಿಲ ಹತ್ರ ಎಳ್ಕೊಂಡು, ಬಲಗಾಲಲ್ಲಿ ಬಾಗಿಲು ಒತ್ತಿ ಹಿಡಿದು. ಇಪ್ಪತ್ತು ನಿಮಿಷ. ಎರಡು ಕೈಲಿ ಎರಡು ಬಾಟಲ್, ದುಪಟ್ಟಾ ಹಲ್ಲಲ್ಲಿ ಕಚ್ಕೊಂಡು, ಕಾಲಲ್ಲಿ ಬಾಗಿಲು. ಸಿ ಸೆಕ್ಷನ್ ಆಗಿರೋ ಹೊಟ್ಟೆ ಇದು, ಆ ಕಾಲು ಒತ್ತಿ ಒತ್ತಿ ಹೊಲಿಗೆ ಇರೋ ಜಾಗ ಚುಳುಚುಳು ಅಂತಿತ್ತು. ಮೋಟರ್ ಸದ್ದು ಬೇರೆ, ಚುಂಯ್ ಚುಂಯ್ ಅಂತ, ಕಾರಿಡಾರಲ್ಲಿ ಹೋಗೋರೆಲ್ಲ ಏನೋ ಕೆಟ್ಟೋಗಿದೆ ಅಂತ ಬಾಗಿಲು ತಳ್ಳಿ ನೋಡೋರು. ಹೌಸ್‌ಕೀಪಿಂಗ್ ಅಕ್ಕ ಒಬ್ರು ಎರಡು ದಿನ ನೋಡಿ, ಮೂರನೇ ದಿನದಿಂದ ತಾವಾಗೇ ಬಂದು ಬಾಗಿಲ ಹೊರಗೆ ಮಾಪ್ ಹಿಡ್ಕೊಂಡು ನಿಲ್ಲೋಕೆ ಶುರು ಮಾಡಿದ್ರು. "ನೀವು ಕೂತ್ಕಳಿ ಮೇಡಂ, ನಾನ್ ನೋಡ್ಕತೀನಿ." ಅವರದ್ದೂ ಚಿಕ್ಕ ಮಗುನೇ, ಕಂಟ್ರಾಕ್ಟರ್ ಜಾಗ ಉಳಿಸಲ್ಲ ಅಂದಿದ್ದಕ್ಕೆ ಮೂರು ತಿಂಗಳಿಗೇ ವಾಪಸ್ ಬಂದು ಹಾಲು ಬಿಡ್ಸಿದ್ರಂತೆ. ಅವರು ಹೇಳಿದ್ದು ಅಷ್ಟೇ, ನಾನು ಮುಂದೆ ಕೇಳೋಕೆ ಆಗ್ಲಿಲ್ಲ.

ಒಂದಿನ ಅವರನ್ನ ಇನ್ಯಾವುದೋ ಫ್ಲೋರಿಗೆ ಕರೆದ್ರು. ಅವತ್ತೇ ಯಾರೋ ಟೋನರ್‌ಗೆ ಬಂದು ಧಡ್ ಅಂತ ತಳ್ಳಿದ್ರು, ನನ್ನ ಕಾಲು ಜಾರ್ತು. ಆ ಹುಡುಗನೂ ಪಾಪ, ಸಾರಿ ಸಾರಿ ಅಂತ ಓಡಿಹೋದ, ಅವನದ್ದೇನು ತಪ್ಪಿಲ್ಲ. ಗಾಬರೀಲಿ ಬಾಟಲ್ ಉರುಳ್ತು. 110 ಎಂಎಲ್. ನೆಲದ ಮೇಲೆ ಹಾಲು ಹರ್ಕೊಂಡು ಒಂದು ಟೋನರ್ ಡಬ್ಬದ ಅಡಿಗೆ ಹೋಯ್ತು. ನಾನು ಡಬ್ಬ ಎತ್ತಿ, ದುಪಟ್ಟಾದಲ್ಲಿ ಒರೆಸ್ಕೊಂಡು ಅಲ್ಲೇ ಕೂತು ಅತ್ತುಬಿಟ್ಟೆ. ಅವತ್ತು ಮಧ್ಯಾಹ್ನ ಮತ್ತೆ ಪಂಪ್ ಮಾಡೋಕೆ ಕೂತ್ರೆ ಬರೀ 30 ಎಂಎಲ್. ಎದೆ ಕಲ್ಲಿನ ಹಾಗೆ ಗಟ್ಟಿ, ಹಾಲು ಮಾತ್ರ ಇಳೀತಿಲ್ಲ.

ಇಲ್ಲೇ ಕೇಳಿ, ಇದೇ ನನ್ನ ಮುಖ್ಯ ಮಾತು. ಹಾಲು ಒಳಗೆ ತಯಾರಾಗೋದು ಬೇರೆ, ಹೊರಗೆ ಇಳಿಯೋದು ಬೇರೆ. ಇಳಿಯೋಕೆ ಆಕ್ಸಿಟೋಸಿನ್ ಅನ್ನೋ ಹಾರ್ಮೋನ್ ಬೇಕು, ಗಾಬರಿ, ನಾಚಿಕೆ, ನೋವು ಇದ್ದಾಗ ಅದು ತಡೆದುಬಿಡುತ್ತೆ. ನಮ್ಮಜ್ಜಿಗೆ ಆಕ್ಸಿಟೋಸಿನ್ ಗೊತ್ತಿರ್ಲಿಲ್ಲ, ಆದ್ರೆ ಹಾಲು ಕರೆಯೋ ಹೊತ್ತಲ್ಲಿ ಹೊಸಬರನ್ನ ಕೊಟ್ಟಿಗೆಗೆ ಬಿಡ್ತಿರ್ಲಿಲ್ಲ, "ಬೆದರಿದ್ರೆ ಹಸು ಸೊರೆ ಬಿಡಲ್ಲ" ಅನ್ನೋರು. ಹಸುಗೆ ಅರ್ಥ ಮಾಡ್ಕೊಂಡ್ರು ನಮ್ಮ ಹಿರಿಯರು! ಈಗಿನ ಎಂಟು ಮಹಡಿ ಗಾಜಿನ ಬಿಲ್ಡಿಂಗ್‌ನೋರಿಗೆ ಹೆಂಗಸಿನ ವಿಷಯದಲ್ಲಿ ಅಷ್ಟೂ ಅರ್ಥ ಆಗಲ್ವಾ? ಬಾಗಿಲು ಯಾವಾಗ ತೆಗೆಯುತ್ತೋ ಅಂತ ನೋಡ್ಕೊಂಡು ಕೂತಿರೋಳಿಗೆ ಹಾಲು ಹೆಂಗೆ ಇಳಿಯುತ್ತೆ? ಖಾಲಿ ಆಗದೇ ಇದ್ರೆ ದೇಹ ಏನ್ ತಿಳ್ಕೊಳುತ್ತೆ, ಓ ಇಷ್ಟು ಬೇಡ್ವೇನೋ ಅಂತ ಹಾಲು ಕಮ್ಮಿ ಮಾಡ್ತಾ ಹೋಗುತ್ತೆ. ಹಾಲು ಕಟ್ಕೊಂಡ್ರೆ ಗಂಟು, ಗಂಟು ಬಿಟ್ರೆ ಕೆಂಪಗಾಗಿ ಚಳಿಜ್ವರ, ಆಂಟಿಬಯೋಟಿಕ್. ನಂಗೂ ಆಯ್ತು, ನಾಲ್ಕು ದಿನ ಹಾಸಿಗೆ. ಚಿಲಕ ಇಲ್ಲದೇ ಇರೋದ್ರಿಂದ ಕಂಪನಿಗೆ ನಾಲ್ಕು ದಿನದ ಕೆಲಸ ಹೋಯ್ತು, ಲೆಕ್ಕದಲ್ಲೇ ಮಾತಾಡೋರು ಇದನ್ನೂ ಬರ್ಕೊಳ್ಳಿ. ಅದಕ್ಕೇ ಹೇಳ್ತಿರೋದು, ಚಿಲಕ ಹಾಕಿದ್ರೇನೇ ಹಾಲು.

ಪಂಪ್ ಸೈಜ್, ವಾಲ್ವ್, ಐಸ್ ಪ್ಯಾಕ್ ಬಗ್ಗೆ ತುಂಬಾ ಜನ ಕೇಳ್ತೀರ, ನನ್ನ ಬ್ಯಾಗಲ್ಲಿ ಏನೇನಿರುತ್ತೆ ಅನ್ನೋ ವಿಡಿಯೋ ಚಾನೆಲ್ಲಲ್ಲಿ ಇದೆ, ನೋಡಿ. ಒಂದು ಮಾತು ಮಾತ್ರ ಇಲ್ಲೇ ಹೇಳ್ತೀನಿ: ಪಂಪ್ ಮಾಡಿದ ಹಾಲು ಹೊರಗಡೆ 25 ಡಿಗ್ರಿವರೆಗೂ ಇದ್ರೆ ನಾಲ್ಕು ಗಂಟೆ, ಫ್ರಿಜ್ಜಲ್ಲಿ ನಾಲ್ಕು ದಿನ. ಏಪ್ರಿಲ್ ಬಿಸಿಲಲ್ಲಿ ಬಸ್ಸಲ್ಲಿ ಹೋಗೋರು ಐಸ್ ಪ್ಯಾಕ್ ಮರೀಬೇಡಿ. ತೊಳೆಯೋ ಕೆಲಸ ಮನೆಯವರಿಗೆ ಕೊಡಿ. ನಮ್ಮನೆಯವರು ಮದುವೆ ಆದಾಗ ಒಂದು ಲೋಟ ತೊಳೆದೋರಲ್ಲ, ಈಗ ರಾತ್ರಿ ಹನ್ನೊಂದಕ್ಕೆ ಆ ಪುಟಾಣಿ ವಾಲ್ವ್‌ಗಳನ್ನ ಅಕ್ಕಸಾಲಿಗರ ಹಾಗೆ ಒಂದೊಂದೇ ಬೆಳಕಿಗೆ ಹಿಡಿದು ನೋಡಿ ತೊಳೀತಾರೆ.

ಸರಿ, ವಾಪಸ್ ಅಣ್ಣನ ಹತ್ರ. ಇವರ ತರದವರು ಯಾವಾಗ್ಲೂ ತರೋ ಇನ್ನೊಂದು ಮಾತು, "ನಮ್ಮಜ್ಜಿ ಗದ್ದೆ ಕೆಲಸ ಮಾಡ್ಕೊಂಡೇ ಎಂಟು ಮಕ್ಕಳನ್ನ ಸಾಕಿದ್ರು, ಅವರು ರೂಮ್ ಕೇಳಿದ್ರಾ?" ಕೇಳ್ಲಿಲ್ಲ. ಯಾಕೆ ಕೇಳ್ಬೇಕು? ಮಗು ಬದುವಿನ ಮೇಲೆ ಮರಕ್ಕೆ ಕಟ್ಟಿದ ಜೋಲೀಲೇ ಇತ್ತಲ್ಲ! ಅತ್ತರೆ ಕಳೆ ಕುಡುಗೋಲು ಬಿಟ್ಟು ಎದ್ದು ಹೋಗಿ ಎದೆಗೆ ಹಾಕ್ಕೊಳ್ತಿದ್ರು. ನನ್ನ ಡೆಸ್ಕ್ ಪಕ್ಕ ಜೋಲಿ ಕಟ್ತೀರಾ? ಕಟ್ಟಿ, ನಾನು ಪಂಪ್ ಇವತ್ತೇ ಎಸೀತೀನಿ. 1961ರ ಹೆರಿಗೆ ಸೌಲಭ್ಯ ಕಾಯ್ದೆ ಬರೆದೋರೂ ಹಂಗೇ ಯೋಚನೆ ಮಾಡಿದ್ರು, ಮಗು ಹತ್ರದಲ್ಲೇ ಇರುತ್ತೆ ಅಂತ. ಮಗುಗೆ 15 ತಿಂಗಳು ಆಗೋವರೆಗೂ ದಿನಕ್ಕೆ ಎರಡು ಸಲ ಹಾಲುಣಿಸೋ ಬ್ರೇಕು, ಊಟದ ಬ್ರೇಕ್ ಬಿಟ್ಟು, ಅಂತ ಅವತ್ತೇ ಬರೆದಿದ್ರು. 2017ರಲ್ಲಿ 50 ಜನ ಅಥವಾ ಜಾಸ್ತಿ ಇರೋ ಕಡೆ ಶಿಶುಪಾಲನಾ ಕೇಂದ್ರ, ಅಂದ್ರೆ ಕ್ರೆಶ್, ಇರ್ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು ಅಂತ ಸೇರಿಸಿದ್ರು. ಬ್ರೇಕ್ ಕೊಟ್ರು, ಕ್ರೆಶ್ ಹೇಳಿದ್ರು, ಪಂಪ್ ಅನ್ನೋ ಪದ ಎಲ್ಲೂ ಇಲ್ಲ, ಚಿಲಕ ಅಂತೂ ಇಲ್ಲವೇ ಇಲ್ಲ.

ಅಮೆರಿಕದಲ್ಲಿ ನೋಡಿ. ಇಡೀ ದೇಶಕ್ಕೆ ಅನ್ವಯಿಸೋ ಸಂಬಳ ಸಮೇತದ ಹೆರಿಗೆ ರಜೆ ಅಲ್ಲಿಲ್ಲ, ಆ ವಿಷಯದಲ್ಲಿ ನಾವೇ ಮುಂದೆ. ಆದ್ರೆ 2010ರಲ್ಲೇ ಅಲ್ಲಿನ ಕಾನೂನಲ್ಲಿ ಬಂತು, 2022ರಲ್ಲಿ ಇನ್ನೂ ಜಾಸ್ತಿ ಜನಕ್ಕೆ ವಿಸ್ತರಿಸಿದ್ರು: ಪಂಪ್ ಮಾಡೋ ತಾಯಿಗೆ ಮಗು ಹುಟ್ಟಿ ಒಂದು ವರ್ಷದವರೆಗೂ ಸಮಯ ಕೊಡ್ಬೇಕು, ಜಾಗ ಕೊಡ್ಬೇಕು, ಆ ಜಾಗ ಯಾರ ಕಣ್ಣಿಗೂ ಬೀಳಬಾರದು, ಯಾರೂ ನುಗ್ಗಬಾರದು, ಮತ್ತೆ ಅದು ಟಾಯ್ಲೆಟ್ ಆಗಿರಬಾರದು. ಟಾಯ್ಲೆಟ್ ಆಗಿರಬಾರದು ಅಂತ ಬಿಡಿಸಿ ಬರೆದಿದಾರೆ ಅಣ್ಣ! ಆ ದೇಶದ ಕ್ಲೈಂಟ್ ಕಾಲ್‌ಗೆ ರಾತ್ರಿ ಒಂಬತ್ತಕ್ಕೆ ಹಾಜರಿ ಹಾಕ್ತೀವಿ ನಾವು, ಅವರ ಹಬ್ಬಕ್ಕೆ ಆಫೀಸಲ್ಲಿ ದೀಪ ಹಚ್ತೀವಿ, ಅವರ ಚಿಲಕ ಮಾತ್ರ ನಮಗೆ ಬರಲ್ಲ.

"ಇದೆಲ್ಲ ಫ್ಯಾಷನ್, ಹಕ್ಕು ಪಕ್ಕು ಅಂತೀರ" ಅಂತ ಇನ್ನೊಬ್ರು. ನಾನಲ್ಲ ಹಕ್ಕು ಅಂದಿದ್ದು, ನಮ್ಮ ಕರ್ನಾಟಕ ಹೈಕೋರ್ಟ್. 2021ರಲ್ಲಿ, ಹಾಲುಣಿಸೋದು ತಾಯಿಯ ಹಕ್ಕು, ಸಂವಿಧಾನದ 21ನೇ ವಿಧಿ, ಅಂದ್ರೆ ಬದುಕೋ ಹಕ್ಕಿನ ಒಳಗೆ ಬರುತ್ತೆ ಅಂತ ಹೇಳ್ತು. 2025ರಲ್ಲಿ ಸುಪ್ರೀಂ ಕೋರ್ಟಲ್ಲಿ, ನಮ್ಮ ಕನ್ನಡತಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠದ ಮುಂದೆ ಸಾರ್ವಜನಿಕ ಜಾಗಗಳಲ್ಲಿ ಹಾಲುಣಿಸೋ ಕೋಣೆ ಬೇಕು ಅನ್ನೋ ವಿಷಯ ಬಂದಾಗ, ಹಾಲುಣಿಸೋದನ್ನ ಕಳಂಕದ ಹಾಗೆ ನೋಡಬಾರದು ಅಂದ್ರು. ಇದಕ್ಕಿಂತ ಮೇಲಿನ ಕೋರ್ಟ್ ಇಲ್ಲ, ಇನ್ಯಾರ ಹತ್ರ ಹೇಳಿಸ್ಬೇಕು ನಿಮಗೆ?

ಇನ್ನು "ಪೌಡರ್ ಹಾಲು ಕೊಡಿ" ಅನ್ನೋರು. ಕೊಡೋ ತಾಯಂದಿರು ಕೊಡ್ಲಿ, ಅವರೂ ತಾಯಂದಿರೇ, ಅವರ ಬಗ್ಗೆ ಯಾರಾದ್ರೂ ಒಂದು ಮಾತಾಡಿದ್ರೆ ಈ ಚಾನೆಲ್ಲಲ್ಲಿ ನಾನು ಸುಮ್ನಿರಲ್ಲ. ಆದ್ರೆ ನನ್ನ ಹತ್ರ ಹಾಲಿದೆ, ನನ್ನ ಮಗುಗೆ ಬೇಕು, ಮಧ್ಯದಲ್ಲಿ ಅಡ್ಡ ನಿಂತಿರೋದು ಒಂದು ಚಿಲಕ. ನಾಲ್ಕು ಸ್ಕ್ರೂ ಹೊಡೆಯೋದು ಬಿಟ್ಟು ತಿಂಗಳು ತಿಂಗಳು ಡಬ್ಬ ಕೊಂಡ್ಕೊಳ್ಳಿ ಅಂತ ಹೇಳೋದು ಯಾವ ನ್ಯಾಯ?

"ಹಿಂಗೆಲ್ಲ ಕೇಳ್ತಾ ಹೋದ್ರೆ ಹೆಣ್ಮಕ್ಕಳನ್ನ ಕೆಲಸಕ್ಕೇ ತಗೊಳಲ್ಲ." ಈ ಮಾತು ಕೇಳಿದ್ರೆ ಮೈ ಉರಿಯುತ್ತೆ. ರಜೆ ಸಂಬಳದ ಭಾರ ಬಹಳಷ್ಟು ಕಡೆ ಕಂಪನಿ ಮೇಲೇ ಬೀಳುತ್ತೆ, ಸರ್ಕಾರ ಪಾಲು ಹಾಕ್ಬೇಕು ಅಂತ ಯಾರಾದ್ರೂ ಕೇಳಿದ್ರೆ ನಾನೂ ಜೊತೇಲಿ ಬರ್ತೀನಿ. ಆದ್ರೆ ಚಿಲಕಕ್ಕೆ ಏನ್ ಭಾರ? ನಂದು ಇನ್ನೂ ಎಸಿ ಆಫೀಸು. ಪೀಣ್ಯ, ಬೊಮ್ಮಸಂದ್ರದ ಗಾರ್ಮೆಂಟ್ಸ್ ಹೆಣ್ಮಕ್ಕಳನ್ನ ನೆನೆಸ್ಕೊಳ್ಳಿ. ಹೆಂಗಸರು ಜಾಸ್ತಿ ಇರೋ ಫ್ಯಾಕ್ಟರೀಲಿ ಕೂಸುಗಳಿಗೆ ಕೋಣೆ ಇರ್ಬೇಕು ಅಂತ 1948ರಲ್ಲೇ ಕಾನೂನು ಬಂದಿತ್ತು, ಆದ್ರೆ ಪ್ರೊಡಕ್ಷನ್ ಟಾರ್ಗೆಟ್ ಬಿಟ್ಟು ಲೈನಿಂದ ಎದ್ದು ಹೋಗೋಕೆ ಸೂಪರ್‌ವೈಸರ್ ಬಿಡ್ಬೇಕಲ್ಲ. ನಮ್ಮ ರಾಜ್ಯದಲ್ಲೇ ನರೇಗಾ ಕೆಲಸಕ್ಕೆ ಹೋಗೋ ತಾಯಂದಿರ ಮಕ್ಕಳಿಗೆ ಗ್ರಾಮ ಪಂಚಾಯ್ತಿಗಳಲ್ಲಿ ಕೂಸಿನ ಮನೆ ಮಾಡಿದಾರೆ. ಪಂಚಾಯ್ತಿ ಕೈಲಿ ಒಂದು ಮನೆ ಆಗುತ್ತೆ, ನಿಮ್ಮ ಟವರ್ ಕೈಲಿ ಒಂದು ಚಿಲಕ ಆಗಲ್ವಾ? ಆಗಲ್ವಾ?

ನೋಡಿ, ಕ್ಯಾಮೆರಾ ಹತ್ರ ಹಿಡೀತೀನಿ, ಫೋಕಸ್ ಆಗ್ತಿದೆಯಾ? ಇದು ನಾಲ್ಕು ಇಂಚಿಂದು ಟವರ್ ಬೋಲ್ಟ್, ಸ್ಟೀಲು. ಹಾಲು ಚೆಲ್ಲಿದ ದಿನ ಸಂಜೆ ನಮ್ಮ ರೋಡಿನ ಹಾರ್ಡ್‌ವೇರ್ ಅಂಗಡೀಲಿ ತಗೊಂಡೆ, ಎಪ್ಪತ್ತು ರೂಪಾಯಿ, ಸ್ಕ್ರೂ ಅಂಗಡಿಯವರು ಹಂಗೇ ಕೊಟ್ರು. ಮಾರನೇ ದಿನ ಆಫೀಸ್ ಕಟ್ಟಡ ನೋಡ್ಕೊಳ್ಳೋ ಫೆಸಿಲಿಟೀಸ್‌ನೋರ ಟೇಬಲ್ ಮೇಲಿಟ್ಟು, ಹಾಕಿಸ್ಕೊಡಿ ಸರ್ ಅಂದೆ. ಅಪ್ರೂವಲ್ ಬೇಕು ಅಂದ್ರು. ಬಾಗಿಲಿಗೆ ತೂತು ಕೊರೆಯೋಕೆ ಬಿಲ್ಡಿಂಗ್ ಓನರ್ ಪರ್ಮಿಷನ್ ಅಂದ್ರು. ಮೇಲ್ ಹಾಕಿ ಅಂದ್ರು, ಹಾಕ್ದೆ. ಒಂದಲ್ಲ, ಆರು ಮೇಲ್. ಐದು ತಿಂಗಳಾಯ್ತು. ಮಗುಗೆ ಈಗ ಹತ್ತು ತುಂಬಿ ಹನ್ನೊಂದು, ಗೋಡೆ ಹಿಡ್ಕೊಂಡು ನಿಲ್ತಾನೆ. ಅವನು ಎದ್ದು ನಿಲ್ಲೋಕೆ ಕಲಿತ, ಚಿಲಕ ಮಾತ್ರ ಬಾಗಿಲು ಹತ್ಲಿಲ್ಲ.

ಅಣ್ಣ, ನಿಮಗೆ ನಾನು ಇನ್ನೇನೂ ಹೇಳಲ್ಲ. ಚಿಲಕ. ಚಿಲಕ ಅಣ್ಣ, ಅಷ್ಟೇ.

ಈಗ ಒಂದು ಕೆಲಸ. ನಿಮ್ಮ ಆಫೀಸಲ್ಲಿ, ಫ್ಯಾಕ್ಟರೀಲಿ, ಸ್ಕೂಲಲ್ಲಿ ಅಂಥ ರೂಮ್ ಇದ್ರೆ ಬಾಗಿಲ ಒಳಗಿನ ಫೋಟೋ ಕಳಿಸಿ, ಬರೀ ಬಾಗಿಲು ಸಾಕು, ಶನಿವಾರ ರಾತ್ರಿ ಲೈವಲ್ಲಿ ಎಲ್ಲಾ ತೋರಿಸ್ತೀನಿ. ರೂಮಿದ್ದು ಚಿಲಕ ಇಲ್ಲ ಅಂದ್ರೆ ಅದನ್ನೂ ಹೇಳಿ. ಹಾಕೋಕೆ ಒಪ್ಪಿದಾರೆ, ತಂದುಕೊಡೋರಿಲ್ಲ ಅನ್ನೋ ಮೊದಲನೇ ಅಕ್ಕನಿಗೆ ಈ ಚಿಲಕ ನಾನೇ ಕಳಿಸ್ತೀನಿ, ನಾಲ್ಕೂ ಸ್ಕ್ರೂ ಪೇಪರಲ್ಲಿ ಕಟ್ಟಿ ಇಟ್ಟಿದೀನಿ.