ಕರೆಂಟ್ ಹೋದ ಮೇಲೂ ಹಾಡಿದ ಬ್ಯಾಂಡ್

ಯುಗಾದಿಗೆ ಮುಂಚೆ ಮಂಡ್ಯದಲ್ಲಿ ನಮ್ಮ ಸೋದರಮಾವನ ಮನೆಗೆ ಸುಣ್ಣ ಬಣ್ಣ ಮಾಡಿಸುತ್ತಿದ್ದರು. ಅಟ್ಟ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹಿತ್ತಾಳೆ ಕೊಳಗ, ಹಳೇ ತೊಟ್ಟಿಲು, ಫ್ಯಾನಿನ ಎರಡು ರೆಕ್ಕೆ, ಇವುಗಳ ಹಿಂದೆ ಒಂದು ಚಪ್ಪಲಿ ಡಬ್ಬ. ಮುಚ್ಚಳ ತೆಗೆದರೆ ತುಂಬ ಕ್ಯಾಸೆಟ್‌ಗಳು. ಭಕ್ತಿಗೀತೆ, ಹರಿಕಥೆ, ಭಾವಗೀತೆ, ರಾಜ್‌ಕುಮಾರ್ ಸಿನಿಮಾ ಹಾಡು, ಇವೆಲ್ಲ ಎಲ್ಲರ ಮನೆಯಲ್ಲೂ ಇರುತ್ತವೆ. ತಳದಲ್ಲಿ ಒಂದು ಮಾತ್ರ ಬೇರೆ ಥರ ಇತ್ತು. ನಾವೇ ರೆಕಾರ್ಡ್ ಮಾಡಿಕೊಳ್ಳುವ 60 ನಿಮಿಷದ ಕ್ಯಾಸೆಟ್. ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ 'ನಮ್ ಹಾಡು, ರಿಹರ್ಸಲ್, ಎ ಸೈಡ್' ಅಂತ ಬರೆದಿತ್ತು. ಅಷ್ಟೇ. ಹೆಸರಿಲ್ಲ, ತಾರೀಖಿಲ್ಲ.

"ಇದನ್ನ ಕಸಕ್ಕೆ ಹಾಕಲಾ ಮಾವ?" ಅಂದೆ.

"ಏ, ಎಸೀಬ್ಯಾಡ ಕಣ್ಲಾ! ಅದು ನಮ್ ಹುಡುಗ್ರು ಬ್ಯಾಂಡು" ಅಂತ ಕೆಳಗಿಂದ ಕೂಗಿದರು.

ಮಾವ ಮೈಸೂರಿನಲ್ಲಿ ಓದುವಾಗ ಜೊತೆಯ ನಾಲ್ಕು ಹುಡುಗರು ಸೇರಿ ಬ್ಯಾಂಡ್ ಕಟ್ಟಿದ್ದರಂತೆ. ಮಾವ ಏನನ್ನೂ ನುಡಿಸುತ್ತಿರಲಿಲ್ಲ. ಟೇಪ್ ರೆಕಾರ್ಡರ್ ಅವರದು, ಅಷ್ಟೇ. ಬ್ಯಾಂಡಿನ ಹೆಸರೇನು ಅಂತ ಕೇಳಿದೆ. "ದಿನಕ್ಕೊಂದು ಹೆಸ್ರು ಮಡಗೋರು, ಯಾವ್ದು ಅಂತ ಹೇಳ್ಲಿ" ಅಂದರು.

ಆ ಕ್ಯಾಸೆಟ್ ಹಾಡಿಸೋಕೆ ನನಗೆ ಎರಡು ಭಾನುವಾರ ಹಿಡಿಯಿತು. ಕ್ಯಾಸೆಟ್ಟಿನ ಒಳಗೆ ಟೇಪಿನ ಹಿಂದೆ, ಒಂದು ತೆಳು ತಗಡಿನ ಪಟ್ಟಿ ಮೇಲೆ ಬೆರಳುಗುರಿನಷ್ಟು ಬಟ್ಟೆ ಚೂರು ಅಂಟಿಸಿರುತ್ತಾರೆ. ಟೇಪನ್ನು ಟೇಪ್ ರೆಕಾರ್ಡರಿನ ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಈ ಕ್ಯಾಸೆಟ್ಟಿನಲ್ಲಿ ಅದು ಕಳಚಿ ಬಿದ್ದುಹೋಗಿತ್ತು. ಇನ್ನೊಂದು ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿ, ಅದರ ಹೊಟ್ಟೆ ಖಾಲಿ ಮಾಡಿ, ಇದರ ಎರಡು ಸುರುಳಿಗಳನ್ನು ಉಸಿರು ಬಿಗಿಹಿಡಿದು ಎತ್ತಿ ಅದರೊಳಗೆ ಕೂರಿಸಿದೆ. ಪೆನ್ಸಿಲ್ ತೂರಿಸಿ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಪೂರ್ತಿ ಸುತ್ತಿದೆ. ಆಮೇಲೆ ಪ್ಲೇ ಒತ್ತಿದೆ.

ನಾಲ್ಕು ಹಾಡು. ನಾಲ್ಕೂ ಕನ್ನಡದವು, ಅವರೇ ಬರೆದವು. ಸರಸ್ವತಿಪುರಂನ ಯಾರದೋ ಮನೆ ಮಹಡಿಯಲ್ಲಿ ರೆಕಾರ್ಡ್ ಮಾಡಿದ್ದು. ಮಧ್ಯದಲ್ಲಿ ಕುಕ್ಕರ್ ಕೂಗುತ್ತದೆ. ಯಾರೋ "ಇನ್ನೊಂದ್ಸಲ" ಅನ್ನುತ್ತಾರೆ. ಮೂರನೇ ಹಾಡು ಮಂಡ್ಯಕ್ಕೆ ಹೋಗುವ ಕೊನೇ ಬಸ್ ತಪ್ಪಿಸಿಕೊಂಡ ಹುಡುಗನದು. ಎರಡನೇ ಚರಣದ ಅರ್ಧಕ್ಕೆ ಕರೆಂಟ್ ಹೋಗುತ್ತದೆ. ಗಿಟಾರು, ಕೀಬೋರ್ಡು ಎರಡೂ ಟಪ್ ಅಂತ ನಿಂತುಬಿಡುತ್ತವೆ. ಮಾವನ ಟೇಪ್ ರೆಕಾರ್ಡರ್‌ಗೆ ಸೆಲ್ ಹಾಕಿದ್ದರಿಂದ ಅದು ಓಡುತ್ತಲೇ ಇದೆ. ಡ್ರಮ್ ಹೊಡೆಯುವವನು ನಿಲ್ಲಿಸಲಿಲ್ಲ. ಹಾಡುವವನೂ ನಿಲ್ಲಿಸಲಿಲ್ಲ. ಬರೀ ಡ್ರಮ್ಮು, ಬರೀ ದನಿ. ಹಾಡು ಮುಗಿಯೋವರೆಗೂ ಹಾಗೇ ಹೋಗುತ್ತದೆ.

ನಾನು ಅದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ.

ಇವತ್ತು ನಾನು ಹೇಳಬೇಕಾಗಿರುವುದು ಇಷ್ಟೇ. ಹಾಡು ಚೆನ್ನಾಗಿಲ್ಲದ್ದಕ್ಕೇ ಬ್ಯಾಂಡ್‌ಗಳು ಮರೆತುಹೋಗುತ್ತವೆ ಅಂತ ನಾವು ಅಂದುಕೊಂಡಿದ್ದೇವೆ. ಅದು ಸುಳ್ಳು. ಯಾರೂ ಎತ್ತಿಡಲಿಲ್ಲ, ಅದಕ್ಕೇ ಮರೆತುಹೋಗುತ್ತವೆ. ಈ ಬ್ಯಾಂಡಿನ ನಾಲ್ಕು ಜನರ ಹತ್ತಿರವೂ ಪ್ರತಿ ಇರಲಿಲ್ಲವಂತೆ. ನುಡಿಸದೇ ಇದ್ದ ಐದನೆಯವನು ಚಪ್ಪಲಿ ಡಬ್ಬದಲ್ಲಿ ಇಟ್ಟುಕೊಂಡಿದ್ದ ಅನ್ನೋ ಒಂದೇ ಕಾರಣಕ್ಕೆ ಅದು ಉಳಿಯಿತು.

ಅದು ಕ್ಯಾಸೆಟ್ ಕಾಲ, ಈಗ ಎಲ್ಲಾ ಇಂಟರ್‌ನೆಟ್ಟಲ್ಲಿದೆ ಅಲ್ವಾ ಅಂತೀರಿ. ಮೈಸ್ಪೇಸ್ ಅನ್ನೋ ವೆಬ್‌ಸೈಟ್ ನೆನಪಿದೆಯಾ? ಒಂದು ಕಾಲಕ್ಕೆ ಚಿಕ್ಕ ಬ್ಯಾಂಡ್‌ಗಳಿಗೆಲ್ಲ ಅದೇ ಮನೆ. 2003ರಿಂದ 2015ರವರೆಗೆ ಜನ ಅಲ್ಲಿ ಹಾಕಿದ ಹಾಡುಗಳು ಸರ್ವರ್ ಬದಲಾಯಿಸುವಾಗ ಅಳಿಸಿಹೋದವು ಅನ್ನೋದು 2019ರ ಮಾರ್ಚ್‌ನಲ್ಲಿ ಎಲ್ಲರಿಗೂ ಗೊತ್ತಾಯಿತು. 5 ಕೋಟಿಗೂ ಜಾಸ್ತಿ ಹಾಡು, ಸುಮಾರು 1.4 ಕೋಟಿ ಕಲಾವಿದರದ್ದು. ಅದರಲ್ಲಿ ಮತ್ತೆ ಸಿಕ್ಕಿದ್ದು ಐದು ಲಕ್ಷದ ಹತ್ತಿರ. ಅದೂ ಹೇಗೆ ಅಂದರೆ, ಯಾರೋ ಕೆಲವರು ತಮ್ಮ ಅಧ್ಯಯನಕ್ಕೆ ಅಂತ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡಿದ್ದರು, ಅದನ್ನು ಹಳೆಯದನ್ನೆಲ್ಲ ಎತ್ತಿಡುವ ಇಂಟರ್‌ನೆಟ್ ಆರ್ಕೈವ್ ಅನ್ನೋ ಸಂಸ್ಥೆಗೆ ಕೊಟ್ಟರು. ನಮ್ಮ ಮಾವನ ಚಪ್ಪಲಿ ಡಬ್ಬದ ಕಥೆಯೇ, ಬೇರೆ ಊರಿನಲ್ಲಿ.

ಹಾಡು ಕೇಳುವ ಈಗಿನ ಆ್ಯಪ್‌ಗಳದ್ದೂ ಹೆಚ್ಚು ಕಡಿಮೆ ಹಾಗೇ. ಹಾಡುಗಳನ್ನು ಆ್ಯಪ್‌ಗಳಿಗೆ ತಲುಪಿಸುವ ಕೆಲವು ಸೇವೆಗಳಿಗೆ ವರ್ಷವರ್ಷ ದುಡ್ಡು ಕಟ್ಟಬೇಕು. ಬ್ಯಾಂಡ್ ಒಡೆದು, ಒಬ್ಬ ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ಇನ್ನೊಬ್ಬನಿಗೆ ಮದುವೆಯಾಗಿ, ಯಾರೂ ದುಡ್ಡು ಕಟ್ಟದಿದ್ದರೆ ಒಂದು ದಿನ ಹಾಡು ಸದ್ದಿಲ್ಲದೆ ಇಳಿದುಹೋಗುತ್ತದೆ. ಸ್ಪಾಟಿಫೈ 2024ರಿಂದ ಒಂದು ಹಾಡು 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದಿದ್ದರೆ ಅದಕ್ಕೆ ದುಡ್ಡೇ ಕೊಡುವುದಿಲ್ಲ. ಚಿಕ್ಕ ಬ್ಯಾಂಡಿಗೆ ಬರುತ್ತಿದ್ದ ಪುಡಿಗಾಸೂ ಹೋಯಿತು. ಪ್ಲೇಲಿಸ್ಟಿಗೆ ಸೇರಿಸಿದರೆ ಎತ್ತಿಟ್ಟ ಹಾಗೆ ಅಂತ ನಾನೂ ನಂಬಿದ್ದೆ. ಒಂದು ಸಲ ನೋಡಿದಾಗ ನನ್ನ ಪ್ಲೇಲಿಸ್ಟಿನಲ್ಲಿ ಆರು ಹಾಡು ಬೂದಿ ಬಣ್ಣಕ್ಕೆ ತಿರುಗಿದ್ದವು. ಒತ್ತಿದರೆ ಏನೂ ಬರಲಿಲ್ಲ. ಅದರಲ್ಲಿ ಎರಡರ ರಾಗ ನೆನಪಿದೆ, ಬ್ಯಾಂಡಿನ ಹೆಸರು ನೆನಪಿಲ್ಲ. ಅವತ್ತು ನಿಜವಾಗಲೂ ಸಂಕಟವಾಯಿತು.

ಮೈಸೂರು ಅಂದರೆ ರಘು ದೀಕ್ಷಿತ್ ಹೆಸರು ಬಂದೇ ಬರುತ್ತದೆ. ಬರಲೇಬೇಕು. ಇಲ್ಲೇ ಬೆಳೆದವರು, 2008ರ ಮೊದಲ ಆಲ್ಬಂನಲ್ಲೇ ಶಿಶುನಾಳ ಷರೀಫರ ಪದಗಳನ್ನು ಗಿಟಾರಿನ ಜೊತೆ ಊರೂರಿಗೆ ಮುಟ್ಟಿಸಿದರು. ಅವರ ತಮ್ಮ ವಾಸು ದೀಕ್ಷಿತ್ ಹಾಡುವ ಸ್ವರಾತ್ಮ ಬ್ಯಾಂಡಿನ ಮೊದಲ ಆಲ್ಬಂ ಬಂದದ್ದು 2009ರಲ್ಲಿ. ಇವರಿಬ್ಬರನ್ನೂ ಹುಡುಕಬೇಕಾಗಿಲ್ಲ. ನನ್ನ ಪ್ರಶ್ನೆ ಬೇರೆ. ಅದೇ ವರ್ಷಗಳಲ್ಲಿ ಇದೇ ಊರಿನ ಕಾಲೇಜು ಫೆಸ್ಟ್‌ಗಳಲ್ಲಿ ಇವರ ಪಕ್ಕದಲ್ಲಿ ನುಡಿಸಿದವರು ಎಲ್ಲಿ? ಅವರೆಲ್ಲರೂ ಕೆಟ್ಟದಾಗಿ ನುಡಿಸುತ್ತಿದ್ದರು ಅಂತ ನಾನು ನಂಬೋದಿಲ್ಲ.

ನ್ಯೂಜಿಲೆಂಡಿನಲ್ಲಿ ಡನೀಡಿನ್ ಅಂತ ಒಂದು ಊರಿದೆ. ನಮ್ಮ ಮೈಸೂರಿನ ಹಾಗೇ ಯೂನಿವರ್ಸಿಟಿ ಊರು, ಆದರೆ ನಮಗಿಂತ ಎಷ್ಟೋ ಚಿಕ್ಕದು. ಅಲ್ಲಿನ 'ದಿ ಕ್ಲೀನ್' ಅನ್ನೋ ಬ್ಯಾಂಡ್ 1981ರಲ್ಲಿ ಒಂದು ಹಾಡನ್ನು ಬರೀ 60 ಡಾಲರ್ ಖರ್ಚಿನಲ್ಲಿ ರೆಕಾರ್ಡ್ ಮಾಡಿತು. ರೆಕಾರ್ಡ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ರೋಜರ್ ಶೆಫರ್ಡ್ ಅನ್ನೋ ಹುಡುಗ ಆಗಷ್ಟೇ ಶುರು ಮಾಡಿದ್ದ 'ಫ್ಲೈಯಿಂಗ್ ನನ್' ಅನ್ನೋ ಲೇಬಲ್ಲಿನಿಂದ, ಅಂದರೆ ರೆಕಾರ್ಡ್ ಕಂಪನಿಯಿಂದ, ಅದನ್ನು ಹೊರತಂದ. ಆ ಹಾಡು ದೇಶದ ಟಾಪ್ 20ಕ್ಕೆ ಹೋಯಿತು! ಆಮೇಲೆ ಅದೇ ಊರಿನ ಚಿಲ್ಸ್, ವರ್ಲೇನ್ಸ್, ಒಂದರ ಹಿಂದೆ ಒಂದು ಬ್ಯಾಂಡ್. ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರದಲ್ಲಿ, ಸ್ಟುಡಿಯೋ ಅಲ್ಲದ ಜಾಗಗಳಲ್ಲಿ ರೆಕಾರ್ಡ್ ಆದ ಹಾಡುಗಳು. ಇವತ್ತಿಗೂ ಜನ 'ಡನೀಡಿನ್ ಸೌಂಡ್' ಅಂತ ಹುಡುಕಿಕೊಂಡು ಹೋಗಿ ಕೇಳುತ್ತಾರೆ. ನಾನು ಕೇಳಿದ್ದು ಮೈಸೂರಿನಲ್ಲಿ, ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಗ್ಗೆ ವಾಕಿಂಗ್ ಮಾಡುವಾಗ. ಅಷ್ಟು ದೂರದ ಊರಿನ ಮಳೆ, ಬೇಜಾರು ನನ್ನ ಕಿವಿಗೆ ಬಂತು. ಸರಸ್ವತಿಪುರಂನ ಮಹಡಿ ಹಾಡು ಮಂಡ್ಯದ ಅಟ್ಟದಿಂದ ಇಳಿಯೋಕೇ ಇಷ್ಟು ವರ್ಷ ಬೇಕಾಯಿತು.

ನಮ್ಮ ದೇಶದಲ್ಲೂ ಉದಾಹರಣೆ ಇದೆ. ಕಲ್ಕತ್ತೆಯ 'ಮೊಹೀನೇರ್ ಘೋಡಾಗುಲಿ' ಅನ್ನೋ ಬಂಗಾಳಿ ಬ್ಯಾಂಡ್ 1970ರ ದಶಕದಲ್ಲಿ ಮೂರು ಪುಟ್ಟ ರೆಕಾರ್ಡ್ ತಂದಾಗ ಕೇಳಿದವರು ಕಡಿಮೆ. 1995ರಲ್ಲಿ ಆ ಬ್ಯಾಂಡ್ ಕಟ್ಟಿದ್ದ ಗೌತಮ್ ಚಟ್ಟೋಪಾಧ್ಯಾಯ ಹೊಸ ಹುಡುಗರನ್ನು ಸೇರಿಸಿ ಮತ್ತೆ ಹಾಡಿಸಿದ ಮೇಲೆ ಊರಿಗೂರೇ ಹಾಡತೊಡಗಿತು. ಅವರ ಒಂದು ರಾಗ ಮುಂದೆ ಹಿಂದಿ ಸಿನಿಮಾಕ್ಕೂ ಹೋಯಿತು.

ಎತ್ತಿಡೋ ಬುದ್ಧಿ ನಮ್ಮೂರಿಗೇನು ಹೊಸದಲ್ಲ. ನಿಕೊಲಾಯ್ ಮೆಟ್ನರ್ ಅಂತ ಒಬ್ಬ ರಷ್ಯನ್ ಸಂಗೀತಗಾರ ಲಂಡನ್ನಿನಲ್ಲಿ ವಯಸ್ಸಾಗಿ, ಕಾಯಿಲೆ ಬಿದ್ದು, ಕೇಳುವವರಿಲ್ಲದೆ ಇದ್ದರು. 1940ರ ದಶಕದ ಕೊನೆಯಲ್ಲಿ ಅವರ ಸಂಗೀತ ರೆಕಾರ್ಡ್ ಆಗಲಿ ಅಂತ ದುಡ್ಡು ಕೊಟ್ಟು ಅವರ ಹೆಸರಿನಲ್ಲೇ ಸೊಸೈಟಿ ಮಾಡಿಸಿದವರು ನಮ್ಮ ಜಯಚಾಮರಾಜ ಒಡೆಯರ್. ಮೆಟ್ನರ್ 1951ರಲ್ಲಿ ತೀರಿಕೊಂಡರು. ಅವರು ತಾವೇ ಪಿಯಾನೊ ನುಡಿಸಿದ್ದು ಇವತ್ತು ನಮಗೆ ಕೇಳೋಕೆ ಸಿಗುತ್ತದೆ ಅಂದರೆ ಅದಕ್ಕೆ ಬಹುಮಟ್ಟಿಗೆ ಮೈಸೂರು ಕಾರಣ. ಒಡೆಯರ್ ಮಹಾರಾಜರು, ಹಣ ಇತ್ತು, ಸರಿ. ಆದರೆ ಎಂ. ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನ ಮೇಷ್ಟ್ರು. ಮನಶ್ಶಾಸ್ತ್ರ ಪಾಠ ಮಾಡುತ್ತಿದ್ದವರು 1935ರಲ್ಲಿ ತಮ್ಮ ಮನೆಯಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಶುರು ಮಾಡಿದರು. 'ಆಕಾಶವಾಣಿ' ಅನ್ನೋ ಹೆಸರು ಹುಟ್ಟಿದ್ದು ಆ ಮನೆಯಲ್ಲಿ. ನಮ್ಮೂರಿನವರ ದನಿ ನಮ್ಮೂರಿನವರಿಗೆ ಕೇಳಲಿ ಅಂತ ಮಾಡಿದ ಕೆಲಸ ಅದು. ನನಗೆ ಅದಕ್ಕಿಂತ 'ಇಂಡೀ' ಆದದ್ದು ಇನ್ನೊಂದು ಕಾಣೋದಿಲ್ಲ. ಇಂಡೀ ಅಂದರೆ ಇಂಡಿಪೆಂಡೆಂಟ್, ದೊಡ್ಡ ಕಂಪನಿಗಳ ಹಂಗಿಲ್ಲದೆ ತಾವೇ ಮಾಡಿಕೊಂಡದ್ದು.

ಹೊಸ ಬ್ಯಾಂಡ್ ಹೇಗೆ ಹುಡುಕುತ್ತೀಯ ಅಂತ ಜಾಸ್ತಿ ಜನ ಕೇಳುತ್ತಾರೆ. ನಾನು ಆ್ಯಪ್ ತೋರಿಸಿದ್ದನ್ನು ಕೇಳುವುದು ಕಡಿಮೆ. ಅದು ನಾನು ನಿನ್ನೆ ಕೇಳಿದ್ದರ ಹಾಗೇ ಇರುವುದನ್ನೇ ಮತ್ತೆ ಮತ್ತೆ ತಂದಿಡುತ್ತದೆ. ನಾನು ಮನುಷ್ಯರನ್ನು ಹಿಡಿದು ಹೋಗುತ್ತೇನೆ. ಒಂದು ಹಾಡು ಹಿಡಿಸಿದರೆ ಡ್ರಮ್ ಯಾರು, ಮಿಕ್ಸಿಂಗ್ ಯಾರು ಅಂತ ನೋಡಿ, ಅವರು ಇನ್ನೆಲ್ಲಿ ನುಡಿಸಿದ್ದಾರೆ ಅಂತ ಹುಡುಕುತ್ತೇನೆ. ಬೆಂಗಳೂರಿನ 'ಲೌಂಜ್ ಪಿರಾನಾ' ನನಗೆ ಸಿಕ್ಕಿದ್ದು ಕಾಮಿಕ್ಸ್‌ನಿಂದ. ಅಪ್ಪುಪೆನ್ ಹೆಸರಿನಲ್ಲಿ ಚಿತ್ರ ಬರೆಯುವ ಜಾರ್ಜ್ ಮ್ಯಾಥನ್ ಆ ಬ್ಯಾಂಡಿನ ಡ್ರಮ್ಮರ್ ಆಗಿದ್ದರು ಅಂತ ಗೊತ್ತಾಗಿ, ಅವರ 2008ರ ಆಲ್ಬಂ ಹುಡುಕಿ ಕೇಳಿದೆ. ಯಾವ ಆ್ಯಪ್ಪೂ ಈ ದಾರಿ ತೋರಿಸುತ್ತಿರಲಿಲ್ಲ. ಇನ್ನು ಊರಲ್ಲಿ ಶೋ ಇದ್ದರೆ ಅರ್ಧ ಗಂಟೆ ಮುಂಚೆ ಹೋಗಿ. ದೊಡ್ಡವರಿಗಿಂತ ಮೊದಲು ಖಾಲಿ ಕುರ್ಚಿಗಳ ಮುಂದೆ ನುಡಿಸುವವರೇ ನಿಮಗೆ ಬೇಕಾದ ಹೊಸ ಬ್ಯಾಂಡ್.

ದಸರಾ ಹತ್ತಿರ ಬಂದಾಗ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುತ್ತದೆ. ಕಾಲೇಜು ಮಕ್ಕಳು ಎಷ್ಟು ಚೆನ್ನಾಗಿ ಕುಣಿಯುತ್ತಾರೆ! ಅದೇ ವೇದಿಕೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಮೈಸೂರು, ಮಂಡ್ಯ, ಚಾಮರಾಜನಗರದ ಬ್ಯಾಂಡ್‌ಗಳ ಸ್ವಂತ ಹಾಡಿಗೆ ಕೊಡಿ. ಕವರ್ ಬೇಡ, ಅಂದರೆ ಬೇರೆಯವರ ಹಾಡು ಬೇಡ, ಸಿನಿಮಾ ಹಾಡು ಬೇಡ. ಮೊದಲ ವರ್ಷ ಜನ ಎದ್ದು ಹೋಗಬಹುದು. ಹೋಗಲಿ. ಮಿಕ್ಕವರು ಸಾಕು.

ಕೇಳುವ ನಾವು ಮಾಡಬೇಕಾದದ್ದು ಚಿಕ್ಕದು. ಹಾಡು ಇಷ್ಟವಾದರೆ ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿಕೊಳ್ಳಿ. ಬ್ಯಾಂಡ್‌ಕ್ಯಾಂಪ್ ಅನ್ನೋ ವೆಬ್‌ಸೈಟಿನಲ್ಲಿ ಕೊಂಡರೆ ಹೆಚ್ಚಿನ ಪಾಲು ಬ್ಯಾಂಡಿಗೇ ಹೋಗುತ್ತದೆ. ಫೈಲಿನ ಜೊತೆ ಯಾರು ಹಾಡಿದ್ದು, ಯಾವ ಊರು, ಯಾವ ವರ್ಷ ಅಂತ ಬರೆದಿಡಿ. ಮನೆಯಲ್ಲಿ ಇಂಥ ಕ್ಯಾಸೆಟ್ ಇದ್ದರೆ ಈ ಮಳೆಗಾಲಕ್ಕೆ ಮುಂಚೆಯೇ ಕೆಳಗಿಳಿಸಿ, ಟೇಪಿಗೆ ಬೂಷ್ಟು ಹಿಡಿದರೆ ಕಷ್ಟ. ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ವೈರ್, ಆಡಾಸಿಟಿ ಅನ್ನೋ ಪುಕ್ಕಟೆ ಸಾಫ್ಟ್‌ವೇರ್, ಇಷ್ಟು ಸಾಕು.

ಮಾವನಿಗೆ ಫೋನಿನಲ್ಲಿ ಹಾಡು ಹಾಕಿ ಕೊಟ್ಟೆ. ಕರೆಂಟ್ ಹೋಗುವ ಜಾಗ ಬಂದಾಗ ಕೈ ಎತ್ತಿ, "ಈಗ ನೋಡು" ಅಂದರು. ಆ ಕ್ಷಣ ಅವರಿಗೆ ಇಷ್ಟು ವರ್ಷವೂ ನೆನಪಿತ್ತು. ಹಾಡಿದವನ ಊರು ಪಾಂಡವಪುರದ ಕಡೆ ಅನ್ನೋದು ಬಿಟ್ಟು ಅವರಿಗೆ ಈಗ ಬೇರೇನೂ ಗೊತ್ತಿಲ್ಲ.

ಈಗ ಆ ಮೂರನೇ ಹಾಡನ್ನೇ ಹಾಕುತ್ತಿದ್ದೇನೆ. ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ. ಎರಡನೇ ಚರಣ. ದನಿ ಗುರುತು ಸಿಕ್ಕರೆ ನನಗೆ ತಿಳಿಸಿ.