ಬೆಂಕಿ ನಿಲ್ಲುವುದೆಲ್ಲಿ?

ಕೇಳುಗರಿಗೆ ನಮಸ್ಕಾರ.

ಅತಿವೇಗದ ವಿಮಾನದ ಸುದ್ದಿ ಬಂದಾಗಲೆಲ್ಲ ಜನ ನನ್ನನ್ನು ಕೇಳುವುದು ಒಂದೇ: ಶಬ್ದದ ಎಷ್ಟು ಪಟ್ಟು ವೇಗ? ಪತ್ರಿಕೆಗಳ ತಲೆಬರಹವೂ ಅಷ್ಟೇ. ನಿಜ ಹೇಳಬೇಕೆಂದರೆ, ಈ ಪ್ರಶ್ನೆ ನನಗೆ ಸಾಕಾಗಿದೆ. ರಾಕೆಟ್ ಕಟ್ಟಿದರೆ ಯಾವುದು ತಾನೇ ಓಡುವುದಿಲ್ಲ? ಆ ವೇಗದಲ್ಲಿ ಎಂಜಿನ್ನಿನೊಳಗಿನ ಬೆಂಕಿ ಆರದೆ ಎಷ್ಟು ಹೊತ್ತು ನಿಂತಿತು, ಅದನ್ನು ಕೇಳಿ.

ನಾವು ಪ್ರಯಾಣಿಸುವ ವಿಮಾನದ ಜೆಟ್ ಎಂಜಿನ್, ಒಳಬಂದ ಗಾಳಿಯನ್ನು ನಿಧಾನ ಮಾಡಿ, ಸುಳಿ ಎಬ್ಬಿಸಿ, ಆ ಸುಳಿಯ ಮರೆಯಲ್ಲಿ ಇಂಧನ ಉರಿಸುತ್ತದೆ. ಶಬ್ದದ ಐದಾರು ಪಟ್ಟು ವೇಗದಲ್ಲಿ ಹಾಗೆ ತಡೆಯಹೋದರೆ ಗಾಳಿಯೇ ವಿಪರೀತ ಕಾದು, ಇಂಧನ ಉರಿಸಿಯೂ ಹೆಚ್ಚೇನು ದಕ್ಕುವುದಿಲ್ಲ. ಆದ್ದರಿಂದ ಇಂಥ ಅತಿವೇಗಕ್ಕೆಂದೇ ಮಾಡಿದ ಸ್ಕ್ರಾಮ್‌ಜೆಟ್ ಎಂಜಿನ್ನಿನಲ್ಲಿ ಗಾಳಿ ಶಬ್ದಕ್ಕಿಂತ ವೇಗವಾಗಿ ಹರಿಯುತ್ತಿರುವಾಗಲೇ ಬೆಂಕಿ ಉರಿಯಬೇಕು. ಒಂದು ಮೀಟರ್ ಉದ್ದದ ದಹನ ಕೋಷ್ಠವನ್ನು ಆ ಗಾಳಿ ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಗಾಳಿಗೆ ದೀಪ ಆರದಂತೆ ನೀವು ಅಂಗೈ ಅಡ್ಡ ಹಿಡಿಯುತ್ತೀರಿ. ಎಂಜಿನ್ ಕಟ್ಟುವ ನಾವು ಕೋಷ್ಠದ ಗೋಡೆಯಲ್ಲಿ ಒಂದು ಗುಳಿ ಮಾಡುತ್ತೇವೆ. ಗಾಳಿ ಮೇಲಿಂದ ಹಾದುಹೋಗುತ್ತದೆ, ಗುಳಿಯಲ್ಲಿ ಬಿಸಿ ಅನಿಲ ಸುತ್ತುತ್ತಿರುತ್ತದೆ, ಬೆಂಕಿಗೆ ನಿಲ್ಲಲು ನೆಲೆ ಸಿಗುತ್ತದೆ.

ಸ್ಕ್ರಾಮ್‌ಜೆಟ್ ಪರೀಕ್ಷೆಗೆಂದು ಅಮೆರಿಕ ಹಾರಿಸಿದ, ಮನುಷ್ಯರಿಲ್ಲದ ಎಕ್ಸ್-51ಎ ವಾಹನದ ಕಥೆಯನ್ನು ಹೇಳಲೇಬೇಕು. ಒಟ್ಟು ನಾಲ್ಕು ವಾಹನಗಳು. ಇಂಧನ ಜೆಪಿ-7, ಬೆಂಕಿಕಡ್ಡಿಗೆ ಸುಲಭವಾಗಿ ಹೊತ್ತುವಂಥದ್ದಲ್ಲ. ಅದನ್ನು ಮೊದಲು ಎಂಜಿನ್ನಿನ ಗೋಡೆಯೊಳಗೆ ಹರಿಸುತ್ತಾರೆ. ಗೋಡೆ ತಣ್ಣಗಾಗುತ್ತದೆ, ಇಂಧನ ಕಾದು ಉರಿಯಲು ಸಿದ್ಧವಾಗುತ್ತದೆ. ಎಂಥ ಉಪಾಯ ನೋಡಿ! ಆದರೆ ಗೋಡೆ ಕಾಯುವ ತನಕ? ಅದಕ್ಕೆ ಎಥಿಲೀನ್ ಅನಿಲದಿಂದ ಬೆಂಕಿ ಹೊತ್ತಿಸಿ, ಬಳಿಕ ಜೆಪಿ-7ಕ್ಕೆ ದಾಟಬೇಕು. 2010ರ ಮೊದಲ ಹಾರಾಟದಲ್ಲಿ ಎಂಜಿನ್ ನಡೆಯಿತು, ಆದರೆ ಉದ್ದೇಶಿಸಿದಷ್ಟು ಹೊತ್ತಲ್ಲ. 2011ರಲ್ಲಿ ಎಥಿಲೀನ್ ಹೊತ್ತಿತು, ಜೆಪಿ-7ಕ್ಕೆ ದಾಟುವ ಗಳಿಗೆಯಲ್ಲೇ ಗಾಳಿಯ ಒಳಹರಿವು ಕೆಟ್ಟಿತು, ಮತ್ತೆ ಸರಿಹೋಗಲಿಲ್ಲ. 2012ರಲ್ಲಿ ರೆಕ್ಕೆಯಂಥ ಒಂದು ಫಲಕ ಕೈಕೊಟ್ಟಿತು, ಎಂಜಿನ್ ಹೊತ್ತಿಸುವ ಅವಕಾಶವೇ ಬರಲಿಲ್ಲ. ಉಳಿದದ್ದು ಒಂದೇ ವಾಹನ. 2013ರ ಮೇ 1ರಂದು ಪೆಸಿಫಿಕ್ ಸಾಗರದ ಮೇಲೆ ಬಿ-52 ವಿಮಾನ ಅದನ್ನು ಕೆಳಗೆ ಬಿಟ್ಟಿತು. ರಾಕೆಟ್ ಅದನ್ನು ಶಬ್ದದ 4.8 ಪಟ್ಟು ವೇಗಕ್ಕೆ ಒಯ್ದು ಕಳಚಿಕೊಂಡಿತು. ಎಥಿಲೀನ್ ಹೊತ್ತಿತು, ಜೆಪಿ-7 ಹಿಡಿಯಿತು, ಇಂಧನ ತೀರುವವರೆಗೆ ಬೆಂಕಿ ನಿಂತಿತು! ಸುದ್ದಿಯಲ್ಲಿ ದೊಡ್ಡದಾಗಿ ಬಂದದ್ದು 5.1 ಪಟ್ಟು ವೇಗ. ನನ್ನ ಮಟ್ಟಿಗೆ ಅಂದಿನ ಸುದ್ದಿ ಬೆಂಕಿ ನಿಂತ 210 ಸೆಕೆಂಡ್.

ನಿರೂಪಕರು ಗಡಿಯಾರ ತೋರಿಸುತ್ತಿದ್ದಾರೆ. ನಮ್ಮ ದೇಶದ ಲೆಕ್ಕವನ್ನಾದರೂ ಹೇಳಿಬಿಡುತ್ತೇನೆ. 2016ರ ಆಗಸ್ಟ್‌ನಲ್ಲಿ ಶ್ರೀಹರಿಕೋಟಾದಿಂದ ಹಾರಿದ ಇಸ್ರೋ ಎಂಜಿನ್ನಿನಲ್ಲಿ ಬೆಂಕಿ ನಿಂತದ್ದು 5 ಸೆಕೆಂಡ್. 2020ರ ಸೆಪ್ಟೆಂಬರ್‌ನಲ್ಲಿ ಡಿಆರ್‌ಡಿಒ ವಾಹನದಲ್ಲಿ 20 ಸೆಕೆಂಡಿಗೂ ಹೆಚ್ಚು. 2025ರ ಏಪ್ರಿಲ್‌ನಲ್ಲಿ ಹೈದರಾಬಾದಿನಲ್ಲಿ, ನೆಲದ ಮೇಲಿನ ಪರೀಕ್ಷೆಯಲ್ಲಿ, ಸಾವಿರ ಸೆಕೆಂಡ್ ದಾಟಿತು. ಆ ಕೋಷ್ಠದ ಒಳಗೋಡೆಗೆ ಬಳಿಯುವ ಪಿಂಗಾಣಿ ಲೇಪದ ಬಗ್ಗೆ ಒಂದು ಪುಟ ಬರೆದು ತಂದಿದ್ದೆ; ಅದಕ್ಕೆ ಇನ್ನೊಮ್ಮೆ ಕರೆಯಲಿ. ನಮಸ್ಕಾರ.